ಕಂಠೀರವದ ಹುಲ್ಲಿಗೆ ವಾರಕ್ಕೆ ಎಷ್ಟು ಗಂಟೆ? ಕ್ರೀಡಾ ಸಚಿವರಿಗೆ ಫುಟ್‌ಬಾಲ್ ಅಭಿಮಾನಿಗಳ ಬಹಿರಂಗ ಪತ್ರ

ಗೆ,
ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಬೆಂಗಳೂರು ಎಫ್‌ಸಿಯ ಮೈದಾನ, ಅಭ್ಯಾಸದ ಜಾಗ, ಅಕಾಡೆಮಿ ಮತ್ತು ತಂಡದ ನಾಳೆಯ ಕುರಿತು

ಮಾನ್ಯ ಸಚಿವರೇ,

ಬೆಂಗಳೂರು ಎಫ್‌ಸಿ ಖಾಸಗಿ ಕ್ಲಬ್. ಯಾರನ್ನು ಆಡಿಸಬೇಕು, ಯಾರನ್ನು ಕೋಚ್ ಮಾಡಬೇಕು ಎಂಬುದನ್ನು ನಿಮ್ಮ ಹತ್ತಿರ ಕೇಳುವಂತಿಲ್ಲ. ಅದನ್ನು ಕ್ಲಬ್ಬಿಗೇ ಕೇಳುತ್ತೇವೆ. ಆದರೆ ಕ್ಲಬ್ ಆಡುವ ಶ್ರೀ ಕಂಠೀರವ ಕ್ರೀಡಾಂಗಣ ನಿಮ್ಮ ಇಲಾಖೆಯದು. ಊರಿನಲ್ಲಿ ಎಂಟ್ಹತ್ತು ಎಕರೆಯನ್ನು ಆಟಕ್ಕೆಂದು ಎತ್ತಿಡುವ ಅಧಿಕಾರ ಸರ್ಕಾರದ್ದು. ಹಳ್ಳಿಯ ಹುಡುಗನಿಗೆ ಕ್ರೀಡಾ ವಸತಿ ನಿಲಯದಲ್ಲಿ ಸೀಟು ಕೊಡುವುದೂ ನಿಮ್ಮ ಇಲಾಖೆಯೇ. ಕ್ಲಬ್ಬಿನ ತೊಂದರೆ ಯಾವುದನ್ನೇ ಹಿಡಿದು ಬೇರು ಹುಡುಕಿದರೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತೇವೆ: ಬೇಕಾದಷ್ಟು ಗಂಟೆ ಆಡಬಲ್ಲ ಒಳ್ಳೆಯ ಫುಟ್‌ಬಾಲ್ ಮೈದಾನ ಬೆಂಗಳೂರಿನಲ್ಲಿ ಸಾಲದು.

ಈ ಗಂಟೆಗಳ ಲೆಕ್ಕವನ್ನು ಮೊದಲು ಬಿಡಿಸಿ ಹೇಳುತ್ತೇವೆ. ಹುಲ್ಲಿಗೂ ದಣಿವಿದೆ. ಬರೀ ಮಣ್ಣಿನ ಮೇಲೆ ಬೆಳೆಸಿದ ಹುಲ್ಲು ವಾರಕ್ಕೆ ನಾಲ್ಕೈದು ಗಂಟೆಯ ಆಟ ತಡೆಯುತ್ತದೆ. ಕೆಳಗೆ ರಂಧ್ರದ ಪೈಪು, ಅದರ ಮೇಲೆ ಸುಮಾರು 10 ಸೆಂ.ಮೀ. ಜಲ್ಲಿ, ಅದರ ಮೇಲೆ 25ರಿಂದ 30 ಸೆಂ.ಮೀ. ಮರಳು ಹಾಕಿ ಕಟ್ಟಿದ ಮೈದಾನವನ್ನು ಚೆನ್ನಾಗಿ ನೋಡಿಕೊಂಡರೆ ಎಂಟರಿಂದ ಹತ್ತು ಗಂಟೆ. ಅದಕ್ಕಿಂತ ಹೆಚ್ಚು ಆಡಿದರೆ ಬೇರಿನ ಸುತ್ತಲಿನ ಮಣ್ಣು ಬಿಗಿಯಾಗುತ್ತದೆ, ಗಾಳಿ ಆಡುವುದಿಲ್ಲ, ಮಳೆ ಬಂದರೆ ನೀರು ಇಳಿಯುವುದಿಲ್ಲ. ಮೇಲೆ ಹಸಿರು ಕಾಣುತ್ತಲೇ ಇರುತ್ತದೆ, ಕೆಳಗೆ ಕಲ್ಲಾಗಿರುತ್ತದೆ.

ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ಇಲಾಖೆಯ ಎಂಜಿನಿಯರ್ ಒಬ್ಬರಿಗೆ ಆರಿಂಚಿನ ಸ್ಕ್ರೂಡ್ರೈವರ್ ಕೊಟ್ಟು ಬೆಳಿಗ್ಗೆ ಮೈದಾನಕ್ಕೆ ಕಳಿಸಿ. ಎರಡೂ ಗೋಲ್ ಪೋಸ್ಟ್‌ಗಳ ಮುಂದೆ, ಮಧ್ಯದ ವೃತ್ತದಲ್ಲಿ, ಲೈನ್ಸ್‌ಮನ್ ಓಡಾಡುವ ಗೆರೆಯ ಪಕ್ಕ, ಆಮೇಲೆ ಯಾರೂ ಹೆಚ್ಚು ತುಳಿಯದ ಮೂಲೆಯಲ್ಲಿ ಅದನ್ನು ಕೈಯಿಂದ ಒತ್ತಲಿ. ಮೂಲೆಯಲ್ಲಿ ಹಿಡಿಯ ತನಕ ಇಳಿದು, ಗೋಲ್ ಪೋಸ್ಟ್ ಮುಂದೆ ಎರಡಿಂಚಿಗೇ ನಿಂತರೆ ಆ ಜಾಗ ಸತ್ತಿದೆ ಎಂದೇ ಅರ್ಥ. ಅಲ್ಲಿ ಹೊಸ ಹುಲ್ಲಿನ ಹಾಸು ತಂದು ಹೊದಿಸುವುದು ದುಡ್ಡು ದಂಡ. ನಾಲ್ಕು ಪಂದ್ಯಕ್ಕೆ ಅದು ಚಾಪೆಯಂತೆ ಎದ್ದು ಬರುತ್ತದೆ, ಬೂಟು ಸಿಕ್ಕಿ ಮಂಡಿ ತಿರುಚುತ್ತದೆ. ಮಾಡಬೇಕಾದ್ದು ಬೇರೆ: 20ರಿಂದ 30 ಸೆಂ.ಮೀ. ಆಳಕ್ಕೆ ಮುಳ್ಳು ಇಳಿಸುವ ಯಂತ್ರದಿಂದ ಇಡೀ ಮೈದಾನಕ್ಕೆ ತೂತು ಹೊಡೆದು, ತೂತಿಗೆ ಮರಳು ತುಂಬಿ, ಎಂಟ್ಹತ್ತು ವಾರ ಯಾರೂ ಕಾಲಿಡದಂತೆ ಬಿಡಬೇಕು.

ಮರಳಿನ ವಿಷಯದಲ್ಲಿ ಟೆಂಡರ್ ಬರೆಯುವವರು ತಪ್ಪುವ ಜಾಗ ಒಂದಿದೆ, ದಯವಿಟ್ಟು ಗಮನಿಸಿ. 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನವೆಂದರೆ 7,140 ಚದರ ಮೀಟರ್. ಅದರ ಮೇಲೆ ಒಂದು ಸಲ 5 ಮಿ.ಮೀ. ಮರಳು ಹರಡಲು 36 ಘನ ಮೀಟರ್, ಅಂದರೆ ಹತ್ತಿರ ಹತ್ತಿರ 55 ಟನ್ ಬೇಕು. ಟೆಂಡರಿನಲ್ಲಿ ಬರೀ ‘ಮರಳು’ ಎಂದು ಬರೆದರೆ ಗುತ್ತಿಗೆದಾರರು ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ತಂದು ಸುರಿಯುತ್ತಾರೆ. ಎಂ-ಸ್ಯಾಂಡಿನಲ್ಲಿ ಕ್ರಷರ್ ಧೂಳಿರುತ್ತದೆ. ಕಾಂಕ್ರೀಟಿಗೆ ಅದು ನಡೆಯುತ್ತದೆ; ಮೈದಾನದಲ್ಲಿ ಆ ಧೂಳು ಇಳಿದಿಳಿದು ಜಲ್ಲಿಯ ಮೇಲೆ ಸಿಮೆಂಟಿನಂತೆ ಕೂರುತ್ತದೆ, ಮಳೆಗಾಲದಲ್ಲಿ ಪೈಪು ಖಾಲಿ, ಮೇಲೆ ಕೆರೆ. ತೊಳೆದು ಜರಡಿ ಹಿಡಿದ, ಹೆಚ್ಚಿನ ಕಾಳು ಕಾಲು ಮಿ.ಮೀ.ನಿಂದ ಒಂದು ಮಿ.ಮೀ. ಒಳಗಿರುವ ಮರಳು ಎಂದು ಅಳತೆ ಸಮೇತ ಬರೆಸಬೇಕು. ಲೋಡು ಇಳಿಯುವ ಮುನ್ನ ಒಂದು ಗಾಜಿನ ಬಾಟಲಿಯಲ್ಲಿ ಮರಳು, ನೀರು ಹಾಕಿ ಅಲ್ಲಾಡಿಸಿ ಇಟ್ಟರೆ ಸಾಕು. ಮೇಲೆ ಕೆಸರಿನ ದಪ್ಪ ಪದರ ನಿಂತರೆ ಲಾರಿ ವಾಪಸ್.

ಇನ್ನು ಕಂಠೀರವದ ಆಕಾರ. ಅದು ಮೂಲತಃ ಅಥ್ಲೆಟಿಕ್ಸ್ ಕ್ರೀಡಾಂಗಣ. ಅಂತರರಾಷ್ಟ್ರೀಯ ಅಳತೆಯ 400 ಮೀಟರ್ ಟ್ರ್ಯಾಕ್‌ನ ತಿರುವಿನ ತ್ರಿಜ್ಯ 36.5 ಮೀಟರ್, ನೇರ ಓಟದ ಉದ್ದ 84.39 ಮೀಟರ್. ಅದರೊಳಗೆ 105ಕ್ಕೆ 68ರ ಫುಟ್‌ಬಾಲ್ ಮೈದಾನ ಗೆರೆ ಎಳೆದು ನೋಡಿ. ನಾಲ್ಕೂ ಮೂಲೆಯ ಬಾವುಟಗಳಿಗೂ ಟ್ರ್ಯಾಕ್‌ನ ಒಳ ಅಂಚಿಗೂ ಉಳಿಯುವುದು ಒಂದು ಮೀಟರಿಗಿಂತ ಕಡಿಮೆ. ಕಾರ್ನರ್ ಕಿಕ್ ಹೊಡೆಯುವವನ ಓಟ ಟ್ರ್ಯಾಕ್ ಮೇಲೆಯೇ ಶುರುವಾಗಬೇಕು. ಫುಟ್‌ಬಾಲ್ ಬೂಟು ಟ್ರ್ಯಾಕ್‌ಗೆ ಒಳ್ಳೆಯದಲ್ಲ, ಟ್ರ್ಯಾಕ್ ಆ ಆಟಗಾರನ ಪಾದಕ್ಕೆ ಒಳ್ಳೆಯದಲ್ಲ. ಜಾಹೀರಾತು ಬೋರ್ಡು, ಟಿವಿ ಕೇಬಲ್, ಸಾಮಾನು ಸಾಗಿಸುವ ಗಾಡಿ ಎಲ್ಲವೂ ಅದೇ ಟ್ರ್ಯಾಕ್ ದಾಟಬೇಕು. ಇತ್ತ ಗಂಡಸರ ಹ್ಯಾಮರ್ 7.26 ಕೆ.ಜಿ. ತೂಗುತ್ತದೆ, ಅದು ಬಂದು ಬೀಳುವುದು ನಮ್ಮ ಪೆನಾಲ್ಟಿ ಬಾಕ್ಸಿನ ಆಸುಪಾಸಿನಲ್ಲಿ, ಬಿದ್ದಲ್ಲಿ ಗುಂಡಿ. ಮುಚ್ಚಿದ ಗುಂಡಿ ಮುಚ್ಚದ ಗುಂಡಿಗಿಂತ ಅಪಾಯ, ಕಣ್ಣಿಗೆ ಬೀಳುವುದಿಲ್ಲ.

ಅಥ್ಲೀಟುಗಳು ಮತ್ತು ಅವರ ಕೋಚ್‌ಗಳು ಫುಟ್‌ಬಾಲ್ ವಿರುದ್ಧ ಹೈಕೋರ್ಟ್ ಮೆಟ್ಟಿಲು ಹತ್ತಿದ್ದು ನಮಗೆ ಗೊತ್ತು. ಅವರ ಮೇಲೆ ನಮಗೆ ಕೋಪವಿಲ್ಲ. ಪಂದ್ಯದ ದಿನ ಬೆಳಿಗ್ಗೆ ಐದೂವರೆಗೆ ಬಂದ ಓಟಗಾರ್ತಿ ಗೇಟಿನಿಂದಲೇ ವಾಪಸ್ ಹೋಗುವಂತಾದರೆ ಆಕೆಗೂ ಅನ್ಯಾಯವೇ. ಎರಡು ಆಟಗಳನ್ನು ಒಂದೇ ಅಂಗಳಕ್ಕೆ ಬಿಟ್ಟು ಮಧ್ಯೆ ಲಿಖಿತ ವೇಳಾಪಟ್ಟಿಯಿಲ್ಲದಿದ್ದರೆ ಜಗಳ ಬರದೆ ಇನ್ನೇನು ಬರುತ್ತದೆ?

ಮೂರನೆಯ ಬಳಕೆದಾರರು ಸರ್ಕಾರವೇ. 2023ರ ಮೇ 20ರಂದು ಮುಖ್ಯಮಂತ್ರಿಗಳ ಪ್ರಮಾಣವಚನ ನಡೆದದ್ದು ಕಂಠೀರವದಲ್ಲಿ. ಹೆಚ್ಚುಕಡಿಮೆ ಒಂದು ತಿಂಗಳಿಗೆ, ಜೂನ್ 21ರಂದು, ಅಲ್ಲೇ ದಕ್ಷಿಣ ಏಷ್ಯಾ ದೇಶಗಳ ಫುಟ್‌ಬಾಲ್ ಟೂರ್ನಿ ಸ್ಯಾಫ್ ಚಾಂಪಿಯನ್‌ಶಿಪ್ ಶುರು. ಭಾರತ ಪಾಕಿಸ್ತಾನವನ್ನು 4-0ಯಿಂದ ಸೋಲಿಸಿತು, ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು. ನಾಡಿನ ದೊಡ್ಡ ಸಮಾರಂಭಕ್ಕೆ ಊರ ನಡುವಿನ ಕ್ರೀಡಾಂಗಣ ಬೇಡ ಎನ್ನುವಷ್ಟು ಸಣ್ಣವರು ನಾವಲ್ಲ. ಆದರೆ ಹುಲ್ಲಿನ ಮೇಲೆ ಹಲಗೆ, ಮ್ಯಾಟು, ಕುರ್ಚಿ ಎರಡು ದಿನ ಕೂತರೆ ಅದು ಹಳದಿಯಾಗುತ್ತದೆ, ನಾಲ್ಕು ದಿನ ಕೂತರೆ ಕೊಳೆಯುತ್ತದೆ, ವೇದಿಕೆಯ ಕಾಲು ಊರಿದಲ್ಲಿ ಮಣ್ಣು ಬಿಗಿಯುತ್ತದೆ. ಸಮಾರಂಭದ ಖರ್ಚಿನಲ್ಲೇ ಮೈದಾನ ದುರಸ್ತಿಯ ಬಾಬ್ತು ಸೇರಿಸಿ, ಆಮೇಲಿನ ವಾರಗಳನ್ನು ವೇಳಾಪಟ್ಟಿಯಲ್ಲಿ ಖಾಲಿ ಬಿಡಲಿ.

ಹಾಗಾಗಿ ಪಂದ್ಯ ಕಂಠೀರವದಲ್ಲಿ ನಡೆಯಲಿ, ಅಭ್ಯಾಸಕ್ಕೆ ಬೇರೆ ಜಾಗ ಬೇಕು. ಎಷ್ಟು ಬೇಕು? 13, 15, 17 ವರ್ಷದೊಳಗಿನ ಮೂರು ತಂಡ, ಮೀಸಲು ತಂಡ, ಮೊದಲ ತಂಡ, ಒಟ್ಟು ಐದು. ಒಂದೊಂದಕ್ಕೆ ವಾರಕ್ಕೆ ಐದು ದಿನ, ದಿನಕ್ಕೆ ಒಂದೂವರೆ ಗಂಟೆ ಎಂದರೆ 37.5 ಗಂಟೆ. ಹುಲ್ಲಿನಲ್ಲೇ ಮಾಡುವುದಾದರೆ ನಾಲ್ಕು ಮೈದಾನ ಬೇಕಾಗುತ್ತದೆ. ಎರಡು ಹುಲ್ಲಿನ ಮೈದಾನ, ಒಂದು ಕೃತಕ ಹುಲ್ಲಿನ ಮೈದಾನ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಮೊದಲ ತಂಡ ಮತ್ತು ಮೀಸಲು ತಂಡದ 15 ಗಂಟೆ ಹುಲ್ಲಿನ ಮೇಲೆ, ಮಕ್ಕಳ 22.5 ಗಂಟೆ ಕೃತಕ ಹುಲ್ಲಿನ ಮೇಲೆ. ಫಿಫಾದ ‘ಕ್ವಾಲಿಟಿ’ ದರ್ಜೆಯ ಕೃತಕ ಮೈದಾನ ವಾರಕ್ಕೆ 40 ಗಂಟೆಗೂ ಮೀರಿ ತಡೆಯುವುದರಿಂದ ಇನ್ನೂ ಹದಿನೇಳು ಹದಿನೆಂಟು ಗಂಟೆ ಉಳಿಯುತ್ತದೆ. ಅದು ಸುತ್ತಲಿನ ಸರ್ಕಾರಿ ಶಾಲೆಗಳಿಗೆ, ಹೆಣ್ಣುಮಕ್ಕಳ ತಂಡಗಳಿಗೆ ಸಿಗಬೇಕು, ಗುತ್ತಿಗೆ ಪತ್ರದಲ್ಲೇ ಆ ಷರತ್ತು ಇರಬೇಕು. 2023ರಲ್ಲಿ ಭಾರತೀಯ ಮಹಿಳಾ ಲೀಗ್‌ನ ಫೈನಲ್ ಆಡಿದ ಕಿಕ್‌ಸ್ಟಾರ್ಟ್ ಕೂಡ ನಮ್ಮ ರಾಜ್ಯದ್ದೇ ತಂಡ.

ಕೃತಕ ಹುಲ್ಲಿಗೂ ಕೆಲಸ ತಪ್ಪಿದ್ದಲ್ಲ. ವಾರಕ್ಕೊಮ್ಮೆ ಬ್ರಷ್ ಎಳೆದು, ಜರುಗಿದ ರಬ್ಬರ್ ಕಾಳನ್ನು ಮತ್ತೆ ಸಮ ಹರಡಬೇಕು. ಇಲ್ಲದಿದ್ದರೆ ಗೋಲ್ ಮುಂದೆ ಎಳೆಗಳು ಮಲಗಿ ಜಾರುಬಂಡೆಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಅದು ಬರಿಗೈ ಇಡಲಾಗದಷ್ಟು ಕಾಯುತ್ತದೆ, ಮಕ್ಕಳ ಅಭ್ಯಾಸ ಬೆಳಿಗ್ಗೆ ಇಲ್ಲವೇ ಸಂಜೆ ಐದರ ಮೇಲೆ ಇರಬೇಕು. ಎಂಟ್ಹತ್ತು ವರ್ಷಕ್ಕೆ ಬದಲಿಸಲು ಹಣವನ್ನು ಮೊದಲ ವರ್ಷದಿಂದಲೇ ಎತ್ತಿಡಬೇಕು. ನಮ್ಮೂರ ಎಷ್ಟೋ ಮೈದಾನಗಳು ಉದ್ಘಾಟನೆಯ ದಿನ ಚೆನ್ನಾಗಿದ್ದು ಆಮೇಲೆ ಹಾಳಾದದ್ದು ಇದೊಂದೇ ಕಾರಣಕ್ಕೆ.

ಜಾಗದ ಲೆಕ್ಕ: ಸುತ್ತ ಐದು ಮೀಟರ್ ಬಿಟ್ಟರೆ ಒಂದು ಮೈದಾನಕ್ಕೆ 115 ಗುಣಿಸು 78, ಅಂದರೆ ಎರಡೂಕಾಲು ಎಕರೆಗೆ ಸ್ವಲ್ಪ ಕಡಿಮೆ. ಮೂರು ಮೈದಾನ, ಬಟ್ಟೆ ಬದಲಿಸುವ ಕೋಣೆ, ಫಿಸಿಯೋ ಕೋಣೆ, ನೀರಿನ ತೊಟ್ಟಿ, ಬಸ್ಸು ತಿರುಗುವ ಜಾಗ ಸೇರಿ ಎಂಟರಿಂದ ಒಂಬತ್ತು ಎಕರೆ. ಮಾಲೀಕತ್ವ ಸರ್ಕಾರದ್ದೇ ಇರಲಿ, ಕಟ್ಟುವ ಮತ್ತು ನೋಡಿಕೊಳ್ಳುವ ಖರ್ಚು ಕ್ಲಬ್ಬಿನದಾಗಲಿ. ಏಷ್ಯಾದ ಫುಟ್‌ಬಾಲ್ ಒಕ್ಕೂಟವಾದ ಎಎಫ್‌ಸಿಯ ಕ್ಲಬ್ ಪರವಾನಗಿಗೆ ಅಭ್ಯಾಸದ ಮೈದಾನದ ಲಿಖಿತ ಬಳಕೆಯ ಹಕ್ಕು ಹೇಗೂ ತೋರಿಸಬೇಕು. ವರ್ಷ ವರ್ಷ ನವೀಕರಿಸುವ ಕಾಗದ ಹಿಡಿದು ಯಾವ ಕ್ಲಬ್ಬೂ ಭೂಮಿಯೊಳಗೆ ಪೈಪು ಹೂಳುವುದಿಲ್ಲ. ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದ ಮೇಲೆ ಯಾವ ಮೈದಾನದ ಕಾಗದ ಯಾರ ಮೇಜಿನಲ್ಲಿದೆ ಎಂಬುದೇ ದೊಡ್ಡ ಪ್ರಶ್ನೆ. ಇಲಾಖೆಯೇ ಮುಂದೆ ನಿಂತು ಜಾಗ ಗುರುತಿಸದಿದ್ದರೆ ಇದು ಮುಂದೆ ಹೋಗುವುದಿಲ್ಲ.

ನೀರನ್ನೂ ಯೋಚಿಸಿದ್ದೇವೆ. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಎಂದರೆ ಒಂದು ಹುಲ್ಲಿನ ಮೈದಾನಕ್ಕೆ 36,000 ಲೀಟರ್. 2024ರ ಬರದಲ್ಲಿ ಜಲಮಂಡಳಿ ತೋಟಕ್ಕೆ ಕುಡಿಯುವ ನೀರು ಹಾಯಿಸಿದರೆ 5,000 ರೂಪಾಯಿ ದಂಡ ಎಂದಿತು, ಅದು ಸರಿಯೇ. ಕಂಠೀರವದ ಪಕ್ಕದ ಕಬ್ಬನ್ ಪಾರ್ಕಿನಲ್ಲೇ ತ್ಯಾಜ್ಯನೀರು ಸಂಸ್ಕರಿಸಿ ಗಿಡಮರಗಳಿಗೆ ಕೊಡುವ ಘಟಕವಿದೆ. ಮೈದಾನಗಳಿಗೆ ಬಳಸುವ ಬರ್ಮುಡಾ ಹುಲ್ಲು ನಮ್ಮ ಗರಿಕೆಯ ಜಾತಿಯದೇ, ಆ ನೀರಿಗೆ ಹೆದರುವುದಿಲ್ಲ. ಉಪ್ಪು ಕೂರದಂತೆ ಆಗಾಗ ಮಣ್ಣಿನ ಪರೀಕ್ಷೆ ಮಾಡಿಸಿ, ಬೇಕಾದಾಗ ಜಿಪ್ಸಂ ಹಾಕಿ ಹೆಚ್ಚು ನೀರಿನಿಂದ ತೊಳೆದರಾಯಿತು.

ಇದೆಲ್ಲ ತಂಡಕ್ಕೆ ಹೇಗೆ ಮುಟ್ಟುತ್ತದೆ ಎಂದು ಕೇಳಬಹುದು. 2024-25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಭಾರತೀಯರ ಪೈಕಿ ಹೆಚ್ಚು ಗೋಲು ಹೊಡೆದದ್ದು ಸುನಿಲ್ ಛೆಟ್ರಿ, 14 ಗೋಲು, ವಯಸ್ಸು ನಲವತ್ತು. ತಂಡ ಫೈನಲ್ ತನಕ ಹೋಯಿತು. ಅವರ ಮೇಲೆ ನಮಗಿರುವ ಪ್ರೀತಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಅವರ ನಂತರ ಯಾರು ಎಂಬ ಚಿಂತೆಯೂ ಅಷ್ಟೇ ದೊಡ್ಡದು. ಅದೇ ಋತುವಿನ ಮೊದಲ ಪಂದ್ಯದಲ್ಲಿ, 2024ರ ಸೆಪ್ಟೆಂಬರ್ 14ರಂದು, ಈಸ್ಟ್ ಬೆಂಗಾಲ್ ವಿರುದ್ಧ ಕಂಠೀರವದಲ್ಲಿ ಗೆಲುವಿನ ಒಂದೇ ಗೋಲು ಹೊಡೆದದ್ದು ಹತ್ತೊಂಬತ್ತರ ವಿನಿತ್ ವೆಂಕಟೇಶ್. ಬೆಂಗಳೂರಿನ ಹುಡುಗ, ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದವ. ಅಕಾಡೆಮಿ ಕೆಲಸ ಮಾಡುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. 2025ರ ಆಗಸ್ಟ್‌ನಲ್ಲಿ ಲೀಗ್ ನಡೆಯುವುದೇ ಅನುಮಾನವಾಗಿ ಮೊದಲ ತಂಡದ ಸಂಬಳ ತಡೆಹಿಡಿದಾಗಲೂ ಕಿರಿಯರ ತಂಡಗಳಿಗೆ ತೊಂದರೆಯಾಗುವುದಿಲ್ಲ ಎಂದು ಕ್ಲಬ್ ಹೇಳಿತ್ತು.

ಆದರೆ 2017ರಲ್ಲಿ ಕ್ಲಬ್ ವಸತಿ ಅಕಾಡೆಮಿ ಶುರುಮಾಡಿದ್ದು ಬಳ್ಳಾರಿ ಕಡೆಯ ವಿಜಯನಗರದಲ್ಲಿ, ಬೆಂಗಳೂರಿನಿಂದ ಸುಮಾರು 300 ಕಿ.ಮೀ. ದೂರ. ಹದಿನೇಳರ ಹುಡುಗ ಬೆಳೆಯುವುದು ಹೇಗೆಂದರೆ, ಮೊದಲ ತಂಡದಲ್ಲಿ ಒಬ್ಬನಿಗೆ ಗಾಯವಾದ ಬುಧವಾರ ಕೋಚ್ ಈ ಹುಡುಗನನ್ನು ಕರೆಯುತ್ತಾನೆ, ಅವನು ಆ ದಿನ ಹಿರಿಯರ ಎದುರು ಆಡುತ್ತಾನೆ, ಪಾಸು ಎಷ್ಟು ಬೇಗ ಬಿಡಬೇಕೆಂದು ಮೈಗೆ ಹತ್ತಿಸಿಕೊಳ್ಳುತ್ತಾನೆ, ಗುರುವಾರ ಮತ್ತೆ ತನ್ನ ತಂಡಕ್ಕೆ. ಎರಡೂ ಮೈದಾನದ ಮಧ್ಯೆ ಒಂದು ರಾತ್ರಿಯ ಪ್ರಯಾಣವಿದ್ದರೆ ಆ ಬುಧವಾರ ಬರುವುದೇ ಇಲ್ಲ. ಇನ್ನೊಂದು ಕಡೆ, ಆಸ್ಟಿನ್ ಟೌನ್, ಮರ್ಫಿ ಟೌನ್, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಹಲಸೂರಿನ ಗೌತಮಪುರ, ಇಲ್ಲಿನ ಹನ್ನೊಂದು ವರ್ಷದ ಮಗುವನ್ನು ತಾಯಿ ಅಷ್ಟು ದೂರ ಕಳಿಸಲಾರಳು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಇದೇ ಬೆಂಗಳೂರಿನವರು. 2023ರ ಮಾರ್ಚ್‌ನಲ್ಲಿ 54 ವರ್ಷಗಳ ನಂತರ ಕರ್ನಾಟಕ ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಮಕ್ಕಳಿದ್ದಾರೆ, ಮನೆಯಿಂದ ಬಿಎಂಟಿಸಿ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಮೈದಾನ ಬೇಕು. ಹೊರ ಜಿಲ್ಲೆಯವರಿಗೆ ಇಲಾಖೆಯ ವಸತಿ ನಿಲಯದಲ್ಲಿ ಇಪ್ಪತ್ತು ಸೀಟು ಫುಟ್‌ಬಾಲಿಗೆಂದು ಕೊಟ್ಟರೆ ಶಾಲೆಯೂ ತಪ್ಪುವುದಿಲ್ಲ.

ಜಾಗ ಹುಡುಕಿ ಕಾಗದವಾಗಲು ಸಮಯ ಬೇಕು, ಅದು ನಮಗೆ ಅರ್ಥವಾಗುತ್ತದೆ. ವೇಳಾಪಟ್ಟಿಗೆ ಸಮಯ ಬೇಕಿಲ್ಲ. ಅಥ್ಲೆಟಿಕ್ಸ್ ಸಂಸ್ಥೆ, ಕ್ಲಬ್, ಇಲಾಖೆ ಮೂವರನ್ನೂ ಒಂದು ಮೇಜಿನ ಸುತ್ತ ಕೂರಿಸಿ ಕಂಠೀರವದ ಇಡೀ ವರ್ಷದ ಪಟ್ಟಿ ಮಾಡಿಸಿ. ಅದರಲ್ಲಿ ಪಂದ್ಯದ ದಿನಗಳು, ಪಂದ್ಯದ ದಿನವೂ ಓಟಗಾರರಿಗೆ ಟ್ರ್ಯಾಕ್ ತೆರೆದಿರುವ ಹೊತ್ತು, ಹ್ಯಾಮರ್ ಮತ್ತು ಜಾವೆಲಿನ್ ಅಭ್ಯಾಸಕ್ಕೆ ಬೇರೆ ಅಂಗಳ, ಸಮಾರಂಭಕ್ಕೆ ಕೊಡಬಹುದಾದ ದಿನಗಳು, ಮತ್ತು ಮಳೆ ಹಿಡಿದು ಹುಲ್ಲು ತಾನಾಗಿ ಚಿಗುರುವ ಮೇ ಕೊನೆಯಿಂದ ಜುಲೈ ಕೊನೆಯ ತನಕ ಹತ್ತು ವಾರ ಹುಲ್ಲಿಗೆ ಪೂರ್ತಿ ರಜೆ ಇರಲಿ. ಆ ಪಟ್ಟಿಯ ಒಂದು ಪ್ರತಿಯನ್ನು ಕ್ರೀಡಾಂಗಣದ ಗೇಟಿಗೆ ಅಂಟಿಸಿ. ಮುಂದಿನ ಋತುವಿನ ಮೊದಲ ಪಂದ್ಯಕ್ಕೆ ಬಂದಾಗ ನಾವು ಟಿಕೆಟ್ ತೋರಿಸುವ ಮುಂಚೆ ಅದನ್ನೇ ಓದುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬೆಂಗಳೂರಿನ ಫುಟ್‌ಬಾಲ್ ಅಭಿಮಾನಿಗಳು