ಕ್ಯೂಸೆಕ್ ಲೆಕ್ಕ ಹೊಳೆದಂಡೆಯ ಊರಿಗೆ ತಿಳಿಯುವಂತಾಗಲಿ

ಮಾನ್ಯ ಸಂಪಾದಕರೆ,

ಭೀಮಾ ನದಿಗೆ ನೆರೆ ಬಂದಾಗಲೆಲ್ಲ ಪತ್ರಿಕೆಗಳಲ್ಲಿ, ಮೊಬೈಲಿನಲ್ಲಿ, ಪಂಚಾಯಿತಿಯ ಧ್ವನಿವರ್ಧಕದಲ್ಲಿ ಒಂದೇ ಮಾತು ಬರುತ್ತದೆ: ಸೊನ್ನ ಬ್ಯಾರೇಜಿನಿಂದ ಇಷ್ಟು ಲಕ್ಷ ಕ್ಯೂಸೆಕ್ ನೀರು ಬಿಡಲಾಗಿದೆ, ನದಿ ದಂಡೆಯ ಜನ ಎಚ್ಚರದಿಂದಿರಬೇಕು. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರಿನ ಹರಿವು. ನಾನು ಅಫಜಲಪುರ ತಾಲ್ಲೂಕಿನ ಹೊಳೆದಂಡೆಯ ಊರಿನವನು. ಭೀಮೆಗೆ ಅಡ್ಡಲಾಗಿ ಕಟ್ಟಿದ ಸೊನ್ನ ಬ್ಯಾರೇಜು ಇರುವುದೂ ಇದೇ ತಾಲ್ಲೂಕಿನಲ್ಲಿ. 2009, 2020 ಮತ್ತು 2025ರ ನೆರೆಗಳನ್ನು ಅಲ್ಲಿಯೇ ನಿಂತು ಕಂಡವನು. ಎಷ್ಟು ಕ್ಯೂಸೆಕ್ ಬಂದರೆ ನೀರು ನಮ್ಮ ಹಳ್ಳದ ಸೇತುವೆಯನ್ನು ಮುಳುಗಿಸುತ್ತದೆ, ಎಷ್ಟಕ್ಕೆ ಅಗಸಿಯ ಒಳಗೆ ಬರುತ್ತದೆ, ಎಷ್ಟಕ್ಕೆ ಹನುಮಂತದೇವರ ಕಟ್ಟೆ ಏರುತ್ತದೆ ಎಂಬುದನ್ನು ಈ ಮೂರು ನೆರೆಗಳಲ್ಲಿ ಒಮ್ಮೆಯೂ ಯಾರೂ ನಮಗೆ ಹೇಳಲಿಲ್ಲ. ಇದನ್ನು ಊರೂರಿಗೆ ಬರೆದಿಡಬೇಕೆಂದು ಕೋರಲು ಈ ಪತ್ರ.

ನಮ್ಮ ದಂಡೆಯ ದೊಡ್ಡ ನೆರೆಗಳಲ್ಲಿ ಇಲ್ಲಿನ ಮಳೆಗಿಂತ ಮೇಲಿನ ಮಳೆಯ ಪಾಲೇ ಹೆಚ್ಚು. ಪುಣೆಯ ಘಟ್ಟದಲ್ಲಿ, ಸೊಲ್ಲಾಪುರದ ಬಯಲಿನಲ್ಲಿ ಸುರಿದದ್ದು ನಮ್ಮಲ್ಲಿ ಬಿಸಿಲಿದ್ದಾಗಲೂ ಹೊಳೆ ತುಂಬಿ ಬರಬಹುದು. ಊರಿನ ಮಳೆಮಾಪಕ ನೋಡಿದರೆ ಅದು ತಿಳಿಯುವುದಿಲ್ಲ. ಮಹಾರಾಷ್ಟ್ರದಲ್ಲಿ ಭೀಮೆಗೆ ಕಟ್ಟಿದ ಉಜನಿ ಜಲಾಶಯ ಸುಮಾರು 117 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತದೆ. ಅದು ತುಂಬಿದ ಮೇಲೆ ಬಂದದ್ದೆಲ್ಲ ಕೆಳಗೆ ಹರಿಯಲೇಬೇಕು. ಉಜನಿಯ ಕೆಳಗೆ ನೀರಾ, ಸೀನಾ ನದಿಗಳು ಬಂದು ಕೂಡುತ್ತವೆ. ಆದ್ದರಿಂದ ಉಜನಿಯ ಅಂಕಿಯೊಂದನ್ನೇ ನಂಬಿ ಕುಳಿತವರಿಗೆ ಮೋಸವಾಗುತ್ತದೆ. ಇನ್ನು ಸೊನ್ನ ಬ್ಯಾರೇಜು ಹಿಡಿಯುವುದು ಮೂರು ಟಿಎಂಸಿಗಿಂತ ತುಸು ಹೆಚ್ಚು. ಒಂದು ಲಕ್ಷ ಕ್ಯೂಸೆಕ್ ಹರಿವು ಒಂದು ದಿನವಿಡೀ ಇದ್ದರೆ 8.64 ಟಿಎಂಸಿ ಆಗುತ್ತದೆ, ಅಂದರೆ ಬ್ಯಾರೇಜು ಪೂರ್ತಿ ಬರಿದಾಗಿದ್ದರೂ ಒಂಬತ್ತು ತಾಸಿನೊಳಗೆ ತುಂಬಿಬಿಡುತ್ತದೆ. ಹೀಗಿರುವಾಗ ‘ಸೊನ್ನದಿಂದ ನೀರು ಬಿಟ್ಟರು’ ಎಂಬ ಮಾತೇ ಜನರನ್ನು ದಾರಿ ತಪ್ಪಿಸುತ್ತದೆ. ಬಿಡುವವರ ಕೈಯಲ್ಲಿ ತಡೆಯುವುದೂ ಇದೆ, ಗೇಟು ಇಳಿಸಿದರೆ ನೀರು ನಿಲ್ಲುತ್ತದೆ ಎಂದು ನಂಬಿ ಕಾದು ಕುಳಿತ ಹಿರಿಯರನ್ನು ನಾನು ನೋಡಿದ್ದೇನೆ.

ನೀರು ಊರನ್ನು ಹಿಡಿಯುವ ರೀತಿಯೂ ದೂರದವರು ಎಣಿಸಿದಂತಿರುವುದಿಲ್ಲ. ಎದುರಿನ ಹೊಳೆಯಿಂದ ನೀರು ಏರಿ ಬರುವ ಮೊದಲೇ ಹಿಂದಿನ ಹಳ್ಳ ತುಂಬುತ್ತದೆ, ಏಕೆಂದರೆ ಹೊಳೆಯ ಮಟ್ಟ ಏರಿದೊಡನೆ ಹಳ್ಳದ ನೀರು ಮುಂದೆ ಹೋಗಲಾರದೆ ಒತ್ತಿ ಹಿಂದಕ್ಕೆ ನಿಲ್ಲುತ್ತದೆ. ಹಳ್ಳದ ಮೇಲಿನ ಸೇತುವೆ ಊರಿಗಿಂತ ತಗ್ಗಿನಲ್ಲಿರುವುದರಿಂದ, ಮನೆಯ ಹೊಸ್ತಿಲು ಒಣಗಿರುವಾಗಲೇ ಹೊರಹೋಗುವ ದಾರಿ ಮುಚ್ಚಿಹೋಗುತ್ತದೆ. 2020ರ ಅಕ್ಟೋಬರಿನಲ್ಲಿ ನಮ್ಮ ಓಣಿಗೆ ಆದದ್ದು ಇದೇ. ಸಂಜೆ ಮೊಬೈಲಿಗೆ ಕ್ಯೂಸೆಕ್ಕಿನ ಅಂಕಿ ಬಂದಿತ್ತು. ಹೊಳೆ ಇನ್ನೂ ದೂರವಿದೆ, ಬೆಳಗ್ಗೆ ನೋಡೋಣ ಎಂದು ಮಲಗಿದೆವು. ರಾತ್ರಿ ಎದ್ದು ನೋಡಿದರೆ ಹಳ್ಳದ ಸೇತುವೆ ಕಾಣಲಿಲ್ಲ. ತುಂಬು ಗರ್ಭಿಣಿಯೊಬ್ಬಳನ್ನು ಎತ್ತಿನ ಬಂಡಿಯಲ್ಲಿ ಕೂರಿಸಿ, ಹೊಲಗಳ ಎರೆಮಣ್ಣಿನಲ್ಲಿ ಗಾಲಿ ಹೂತು ಹೂತು, ಎತ್ತರದ ದಾರಿಗೆ ಮುಟ್ಟಿಸುವಷ್ಟರಲ್ಲಿ ಬೆಳಗಾಯಿತು. ಎರಡು ತಾಸು ಮೊದಲು ಹೊರಟಿದ್ದರೆ ಆಟೊದಲ್ಲಿ ಹೋಗಬಹುದಿತ್ತು.

ಅಂದು ಆ ಎರಡು ತಾಸನ್ನು ಉಳಿಸಬಲ್ಲ ತಿಳಿವಳಿಕೆ ಊರಿನಲ್ಲಿ ಇರಲಿಲ್ಲವೆಂದಲ್ಲ. ಹೊಳೆದಂಡೆಯ ಜನ ನೀರನ್ನು ಎಂದಿನಿಂದಲೂ ಮೆಟ್ಟಿಲು, ಕಟ್ಟೆ, ಗುಡಿಯ ಲೆಕ್ಕದಲ್ಲಿ ಅಳೆದವರು. ಮಣ್ಣೂರಿನ ಯಲ್ಲಮ್ಮನ ಗುಡಿಗೆ ನೀರು ಬಂದರೆ, ಘತ್ತರಗಿಯ ಸೇತುವೆ ಮುಳುಗಿದರೆ, ದೇವಲ ಗಾಣಗಾಪುರದ ಸಂಗಮದಲ್ಲಿ ಅಮರ್ಜಾ ನದಿ ಹಿಂದಕ್ಕೆ ನಿಂತರೆ ತಮ್ಮೂರಿನಲ್ಲಿ ಏನಾಗುತ್ತದೆ ಎಂಬುದು ಅಂಬಿಗರಿಗೂ ಹಿರಿಯ ಹೆಣ್ಣುಮಕ್ಕಳಿಗೂ ಗೊತ್ತು. ಅತ್ತ ಟಾಕಳಿ, ದೇವಣಗಾಂವ, ಯಾದಗಿರಿಗಳಲ್ಲಿ ಕೇಂದ್ರ ಜಲ ಆಯೋಗ ಭೀಮೆಯ ಮಟ್ಟ ಅಳೆಯುತ್ತದೆ. ಇಲಾಖೆಯ ಅಂಕಿ ಇಲಾಖೆಯಲ್ಲಿದೆ, ಊರಿನ ನೆನಪು ಊರಿನಲ್ಲಿದೆ. ಎರಡನ್ನೂ ಒಂದೇ ಗೋಡೆಯ ಮೇಲೆ ಬರೆಯುವ ಕೆಲಸವನ್ನು ಯಾರೂ ಮಾಡಿಲ್ಲ.

ನನ್ನ ಕೋರಿಕೆ ದೊಡ್ಡದಲ್ಲ. ಅಫಜಲಪುರ, ಜೇವರ್ಗಿ, ಚಿತ್ತಾಪುರ, ಶಹಾಪುರ, ಯಾದಗಿರಿ ತಾಲ್ಲೂಕುಗಳ ಪ್ರತಿಯೊಂದು ಹೊಳೆದಂಡೆಯ ಊರಿನಲ್ಲಿ ಮೂರು ಕಡೆ ಬಣ್ಣದ ಗೆರೆ ಎಳೆಯಬೇಕು: ಹಳ್ಳದ ಸೇತುವೆಯ ಕಂಬಕ್ಕೆ, ಮೊದಲು ಮುಳುಗುವ ಓಣಿಯ ಗೋಡೆಗೆ, ಶಾಲೆಯ ಗೋಡೆಗೆ. ಯಾವ ಗೆರೆಗೆ ಸೊನ್ನದಲ್ಲಿ ಎಷ್ಟು ಕ್ಯೂಸೆಕ್ ಎಂಬುದನ್ನು ಪಕ್ಕದಲ್ಲೇ ಬರೆಯಬೇಕು. 2009, 2020, 2025ರಲ್ಲಿ ನೀರು ನಿಂತ ಗುರುತನ್ನೂ ವರ್ಷದೊಂದಿಗೆ ಕಾಣಿಸಬೇಕು. ಮೂರರಲ್ಲಿ ನನಗೆ ಮುಖ್ಯವಾದದ್ದು ಸೇತುವೆಯ ಗೆರೆ, ಏಕೆಂದರೆ ಜೀವ ಉಳಿಸುವ ಹೊತ್ತು ಮುಗಿಯುವುದು ಅಲ್ಲಿಯೇ. ನೀರು ಆ ಗೆರೆಗೆ ಒಂದು ಮೊಳ ಕೆಳಗಿರುವಾಗಲೇ ಡಂಗುರ ಹೊಡೆಯಬೇಕು, ನಡೆಯಲಾರದವರನ್ನು ಮೊದಲು ಹೊರಡಿಸಬೇಕು. ಅಂಥವರ ಪಟ್ಟಿ ಆಶಾ ಕಾರ್ಯಕರ್ತೆಯರ ಬಳಿ ಬಹುಪಾಲು ಇದ್ದೇ ಇದೆ. 2025ರ ಸೆಪ್ಟೆಂಬರಿನಲ್ಲಿ ಕಟ್ಟಿಸಂಗಾವಿ ಸೇತುವೆಯ ಬಳಿ ಕಲಬುರಗಿ–ಜೇವರ್ಗಿ ಸಂಚಾರವೇ ನಿಂತದ್ದನ್ನು ಕಂಡ ಮೇಲೆ, ಹೆದ್ದಾರಿಗೇ ಬಂದ ಗತಿ ಹಳ್ಳಿಯ ಸೇತುವೆಗೆ ಬರದೆ ಇರುತ್ತದೆಯೇ ಎಂದು ಅಧಿಕಾರಿಗಳು ಯೋಚಿಸಬೇಕು.

ಕರೆದರೂ ಜನ ಮನೆ ಬಿಟ್ಟು ಬರುವುದಿಲ್ಲ ಎಂಬ ದೂರನ್ನು ಪ್ರತಿ ನೆರೆಯಲ್ಲೂ ಕೇಳುತ್ತೇವೆ. ದೂರು ನಿಜ. ಆದರೆ ಕಾಳಜಿ ಕೇಂದ್ರದಲ್ಲಿ ಮನುಷ್ಯರಿಗೆ ಊಟ, ಹಾಸಿಗೆ ಇರುತ್ತವೆ. ಎಮ್ಮೆ, ಎತ್ತುಗಳಿಗೆ ಗೂಟವೂ ಇರುವುದಿಲ್ಲ, ಮೇವೂ ಇರುವುದಿಲ್ಲ. ಸಾಲ ಮಾಡಿ ತಂದ ಜೋಡೆತ್ತನ್ನು ಕೊಟ್ಟಿಗೆಯಲ್ಲಿ ಕಟ್ಟಿ ಬಾ ಎಂದರೆ ಯಾವ ರೈತನೂ ಬರಲಾರ, ಬರಬೇಕೆಂದು ಕೇಳುವುದೂ ನ್ಯಾಯವಲ್ಲ. 2009ರ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ಕಟ್ಟಿದ ಎಷ್ಟೋ ಮನೆಗಳಿಗೆ ಜನ ಹೋಗದಿರಲು ಹೊಲ ದೂರವಾದದ್ದೂ ದನ ಕಟ್ಟಲು ಜಾಗವಿಲ್ಲದ್ದೂ ಕಾರಣ. ಎತ್ತರದ ಜಾಗವೊಂದನ್ನು ದನಗಳಿಗೆಂದೇ ಗುರುತಿಸಿ, ಮಳೆಗಾಲಕ್ಕೆ ಮೊದಲು ಅಲ್ಲಿ ಕಣಿಕೆ ಒಟ್ಟಿಸಿಟ್ಟರೆ, ಮನೆ ಬಿಡಿಸಲು ಪೊಲೀಸರನ್ನು ಕರೆಯುವ ಪ್ರಸಂಗವೇ ಬಹಳಷ್ಟು ಕಡಿಮೆಯಾದೀತು.

ನೀರು ಇಳಿದ ಮೇಲಿನ ದಿನಗಳ ಬಗ್ಗೆಯೂ ಒಂದು ಮಾತು. ನೆನೆದ ಮಣ್ಣಿನ ಗೋಡೆ ನೀರಿನಲ್ಲಿ ನಿಂತಿದ್ದು, ಬಿಸಿಲು ಬಿದ್ದ ಮೇಲೆ ಕುಸಿಯುವುದುಂಟು. ಮಾಳಿಗೆಯ ಭಾರವೆಲ್ಲ ಆ ಗೋಡೆಯ ಮೇಲಿರುತ್ತದೆ. ಮನೆಗೆ ಮರಳುವ ಮುನ್ನ ಗೋಡೆಗಳನ್ನು ನೋಡಿ ಹೇಳಬಲ್ಲ ಒಬ್ಬ ಎಂಜಿನಿಯರನ್ನು ಊರಿಗೆ ಕಳುಹಿಸುವುದು ಕಷ್ಟವೇನಲ್ಲ.

ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ನಷ್ಟವಾದರೆ ಪರಿಹಾರ ಬರುತ್ತದೆ; 2022–26ರ ಅವಧಿಯ ಕೇಂದ್ರದ ಮಾರ್ಗಸೂಚಿಯಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ಇತ್ತು, ಅದೂ ಎರಡು ಹೆಕ್ಟೇರಿಗೆ ಮಾತ್ರ. ಹೂವಾಡುವ ತೊಗರಿ ಕೊಳೆತು ನಿಂತ ಹೊಲದವನಿಗೆ ಅದು ಸಾಲದು, ಪಾಲಿಗೆ ಮಾಡಿದವನ ಹೆಸರು ಪಹಣಿಯಲ್ಲಿ ಇಲ್ಲದ್ದರಿಂದ ಅವನಿಗೆ ಅದೂ ಇಲ್ಲ. ಆ ಚರ್ಚೆ ನಡೆಯಲಿ, ನಡೆಯಲೇಬೇಕು. ಗೆರೆ ಎಳೆಯುವುದಕ್ಕೆ ಅದು ಮುಗಿಯುವ ತನಕ ಕಾಯಬೇಕಾಗಿಲ್ಲ. ಒಂದು ಡಬ್ಬಿ ಬಣ್ಣ, ಇಲಾಖೆಯ ಹಳೆಯ ದಾಖಲೆ, ಊರಿನ ನಾಲ್ಕು ಹಿರಿಯರು ಸಾಕು. ಬರುವ ಜೂನ್‌ಗೆ ಮೊದಲು ಕಲಬುರಗಿ ಮತ್ತು ಯಾದಗಿರಿ ಜಿಲ್ಲಾಡಳಿತಗಳು ಗ್ರಾಮ ಪಂಚಾಯಿತಿಗಳಿಗೆ ಈ ಕುರಿತು ಸುತ್ತೋಲೆ ಹೊರಡಿಸಬೇಕೆಂದು ಪ್ರಾರ್ಥಿಸುತ್ತೇನೆ. ನಮ್ಮೂರಿನ ಮೂರು ನೆರೆಗಳ ಗುರುತುಗಳನ್ನು ನಾನು ಹಿರಿಯರನ್ನು ಕೇಳಿ ಬರೆದಿಟ್ಟಿದ್ದೇನೆ. ಅಧಿಕಾರಿಗಳು ಬಂದ ದಿನ ಜೊತೆಗೆ ನಡೆದು ತೋರಿಸಲು ಸಿದ್ಧನಿದ್ದೇನೆ.

ಇಂತಿ,
ಭೀಮಾತೀರದ ಓದುಗ,
ಅಫಜಲಪುರ ತಾಲ್ಲೂಕು, ಕಲಬುರಗಿ ಜಿಲ್ಲೆ