ಗಾಡಿ ಅಲ್ಲಾಡಿತು ಅಂತ ಬರೆದಿದ್ದೀಯಲ್ಲ

ತುಮಕೂರು
ಮಂಗಳವಾರ ರಾತ್ರಿ

ಪ್ರೀತಿಯ ಪುಟ್ಟು,

ನಿನ್ನ ಕಾಗದವನ್ನು ನಿನ್ನೆಯಿಂದ ನಾಲ್ಕು ಸಲ ಓದಿದೆ. ಅಮ್ಮನ ಮಂಡಿನೋವು, ದ್ರಾಕ್ಷಿ ತೋಟ, ಎಲ್ಲದಕ್ಕೂ ಆಮೇಲೆ ಬರೆಯುತ್ತೇನೆ. ಈಗ ಒಂದೇ ವಿಷಯ, ನಿನ್ನ ಥಾರ್ ಜೀಪಿನ ಅಡಿಗೆ ಕಲ್ಲು ತಡೆಯುವ ಗಾರ್ಡು ಪ್ಲೇಟನ್ನು ನೀನೇ ಹಾಕುತ್ತಿರುವುದು. ಮೂರನೇ ಪುಟದ ಕೊನೆಯಲ್ಲಿ, ಹೇಳಲೋ ಬೇಡವೋ ಅನ್ನುವ ಹಾಗೆ ಸಣ್ಣಕ್ಷರದಲ್ಲಿ ಬರೆದಿದ್ದೀಯಲ್ಲ, ಆ ಸಾಲು. "ಎಡಗಡೆ ಕೊನೇ ಬೋಲ್ಟು ಬಿಗಿ ಮಾಡುವಾಗ ಗಾಡಿ ಒಂದು ಸಲ ಅಲ್ಲಾಡಿತು ಅತ್ತೆ. ಏನೂ ಆಗಲಿಲ್ಲ. ಆದರೆ ಅವತ್ತಿಂದ ಕೆಳಗೆ ನುಗ್ಗೋಕೆ ಭಯ. ಭಾನುವಾರ ಉಳಿದ ಪ್ಲೇಟು ಹಾಕಬೇಕು. ಇದು ಹೇಡಿತನವಾ?"

ಹೇಡಿತನ ಅಲ್ಲ ಕಣೋ. ಬೇರೆ ಯಾರನ್ನೂ ಕೇಳಬೇಡ, ನಾನು ಹೇಳುತ್ತಿದ್ದೇನೆ, ಅಲ್ಲ. ಆ ಸಾಲು ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಎದ್ದು ಹೋಗಿ ಹಿತ್ತಲ ಶೆಡ್ಡಿನ ಬಾಗಿಲು ತೆಗೆದು ಸುಮ್ನೆ ನಿಂತುಕೊಂಡೆ.

ಗಾಡಿ ಯಾಕೆ ಅಲ್ಲಾಡಿತು ಅಂತ ನೀನು ಯೋಚಿಸಿದೆಯಾ? ನಿಮ್ಮ ಅಂಗಳ ಗೇಟಿನ ಕಡೆ ಇಳಿಜಾರು. ಗಾಡಿ ಜೊತೆ ಬಂದ ಜಾಕಿಯಲ್ಲಿ ಎತ್ತಿದ್ದೀಯ. ಮುಂಭಾಗ ಮೇಲೆ ಹೋಗುತ್ತಾ ಹೋಗುತ್ತಾ ಹಿಂದಿನ ಚಕ್ರ ಒಂದು ಚೂರು ಉರುಳುತ್ತದೆ. ಜಾಕಿಯ ತಲೆ ಗಾಡಿ ಜೊತೆ ಸರಿಯುತ್ತದೆ, ಬುಡ ನೆಲದಲ್ಲೇ ಇರುತ್ತದೆ. ಆಗ ಜಾಕಿ ವಾಲುತ್ತದೆ. ಎಷ್ಟು ಅಂದರೆ ಕಣ್ಣಿಗೆ ಕಾಣದಷ್ಟು. ಆಮೇಲೆ ನೀನು ಕೆಳಗೆ ಮಲಗಿ ಸ್ಪ್ಯಾನರ್ ಹಾಕಿ ಜೋರಾಗಿ ಎಳೆದೆ. ಆ ಎಳೆತ ಬೋಲ್ಟಿಗೆ ಮಾತ್ರ ಹೋಗುವುದಿಲ್ಲ, ಇಡೀ ಗಾಡಿಗೆ ಹೋಗುತ್ತದೆ. ವಾಲಿದ ಜಾಕಿಗೆ ಅಷ್ಟು ಸಾಕು. ಆ ಜಾಕಿ ಇರುವುದು ಪಂಕ್ಚರ್ ಆದಾಗ ಚಕ್ರ ಬದಲಾಯಿಸೋಕೆ. ಅದರ ಮೇಲೆ ನಿಂತ ಗಾಡಿಯ ಕೆಳಗೆ ಹೋಗಬೇಡಿ ಅಂತ ಗಾಡಿ ಜೊತೆ ಕೊಡುವ ಪುಸ್ತಕದಲ್ಲೇ ಬರೆದಿರುತ್ತಾರೆ. ಯಾರೂ ಓದುವುದಿಲ್ಲ.

ಪಕ್ಕದಲ್ಲಿ ಎರಡು ಸಿಮೆಂಟ್ ಬ್ಲಾಕ್ ಇಟ್ಟಿದ್ದೆ ಅಂತ ಧೈರ್ಯ ಹೇಳಿದ್ದೀಯ. ಗೋಡೆ ಕಟ್ಟೋಕೆ ಅದು ಸರಿ, ಭಾರ ಸಮನಾಗಿ ಹರಡುತ್ತದೆ. ಚಾಸಿಯ, ಅಂದರೆ ಗಾಡಿಯ ಅಡಿಯ ಚೌಕಟ್ಟಿನ, ಅಂಚು ಒಂದೇ ಜಾಗದಲ್ಲಿ ಕೂತರೆ ಬ್ಲಾಕು ಹೇಳದೆ ಕೇಳದೆ ಪುಡಿಯಾಗುತ್ತದೆ. ಮರದ ಹಾಗೆ ಮೊದಲು ಕಿರುಗುಟ್ಟುವುದಿಲ್ಲ. ಬಿರುಕು ಬಿಟ್ಟದ್ದು ಗೊತ್ತಾಗುವುದೇ ಗಾಡಿ ಬಿದ್ದ ಮೇಲೆ.

ಬಯ್ಯುತ್ತಿದ್ದೇನೆ ಅಂದುಕೊಳ್ಳಬೇಡ. ನಿನಗೆ ಗಾಡಿ ಮೇಲೆ ಎಷ್ಟು ಆಸೆ ಅಂತ ಗೊತ್ತು. ಪೆರೇಸಂದ್ರದ ಆಚೆ ಬಂಡೆ ದಾರಿಯಲ್ಲಿ ಎಂಜಿನ್ನಿನ ಅಡಿಯ ಆಯಿಲ್ ಚೇಂಬರಿಗೆ ಕಲ್ಲು ಬಡಿಯಿತು ಅಂದೆಯಲ್ಲ, ಗಾರ್ಡು ಬೇಕೇ ಬೇಕು. ಚೇಂಬರ್ ಒಡೆದು ಆಯಿಲ್ ಹರಿದುಹೋದರೆ ಬೆಟ್ಟದ ಮೇಲೆ ಎಂಜಿನ್ ಜಾಮ್ ಆಗಿ ಕೂರುತ್ತದೆ. ನಾನು ಹಾಕಬೇಡ ಅನ್ನುತ್ತಿಲ್ಲ.

ಪ್ಲೇಟಿನ ಅಳತೆ ಬರೆದಿದ್ದೀಯ, 80 ಸೆಂಟಿಮೀಟರ್ ಉದ್ದ, 70 ಅಗಲ, 4 ಮಿಲಿಮೀಟರ್ ದಪ್ಪದ ಕಬ್ಬಿಣದ ಶೀಟು. ನಮ್ಮ ಗ್ಯಾರೇಜಿನ ಲೆಕ್ಕ ಅಷ್ಟು ವರ್ಷ ಬರೆದವಳು ನಾನು, ಈಗಲೂ ಶೀಟಿನ ಅಳತೆ ಕಂಡರೆ ತೂಕ ಹಾಕುತ್ತೇನೆ. ಉದ್ದ ಅಗಲ ಮೀಟರಿನಲ್ಲಿ, ದಪ್ಪ ಮಿಲಿಮೀಟರಿನಲ್ಲಿ, ಅದನ್ನು 7.85ರಿಂದ ಗುಣಿಸಿದರೆ ಕೆಜಿ. ನಿನ್ನ ಪ್ಲೇಟು ಹದಿನೇಳೂವರೆ ಕೆಜಿ. ಅದನ್ನು ಎದೆ ಮೇಲೆ ಇಟ್ಟುಕೊಂಡು, ಎರಡು ಕೈಯಲ್ಲಿ ಎತ್ತಿ ಹಿಡಿದು, ಬೋಲ್ಟು ಕೂರಿಸಿದೆ ಅಂತ ಹೆಮ್ಮೆಯಿಂದ ಬರೆದಿದ್ದೀಯ. ಒಬ್ಬನೇ. ಮನೆಯವರೆಲ್ಲ ಮದುವೆಗೆ ಹೋಗಿದ್ದ ದಿನ.

ಇದನ್ನು ಓದಿ ನನಗೆ ಏನಾಯಿತು ಅಂತ ನಿನಗೆ ಗೊತ್ತಾಗಬೇಕಾದರೆ 1994ರದ್ದು ಹೇಳಬೇಕು. ಇದನ್ನು ಯಾರಿಗೂ ಹೇಳಿಲ್ಲ ಪುಟ್ಟು. ನಿನ್ನ ಮಾವನಿಗೂ ಹೇಳಲಿಲ್ಲ.

ಆಯುಧ ಪೂಜೆಯ ಹಿಂದಿನ ದಿನ. ಶಿರಾ ಗೇಟಿನ ನಮ್ಮ ಶೆಡ್ಡಿನ ಮುಂದೆ ಲಾರಿಗಳ ಸಾಲು. ಪೂಜೆ ಹೊತ್ತಿಗೆ ಎಲ್ಲರಿಗೂ ಗಾಡಿ ರೆಡಿ ಬೇಕು. ಮಾವ ಕುಂಬಳಕಾಯಿ, ಬಾಳೆಕಂದು ತರೋಕೆ ಮಾರ್ಕೆಟ್ಟಿಗೆ ಹೋಗಿದ್ದರು. ಸಂಜೆ ಐದಕ್ಕೆ ಕಲ್ಲು ಕ್ವಾರಿಯವರ ಒಂದು ಜೀಪು ಬಂತು. ಕೆಳಗೆ ಚೇಂಬರ್ ಗಾರ್ಡು ಹಾಕಬೇಕು. ನಿನ್ನದೇ ಕೆಲಸ. ಪ್ಲೇಟು ರೆಡಿ ಇತ್ತು, ತೂತು ಹೊಡೆದಿತ್ತು, ಕೂರಿಸುವುದು ಮಾತ್ರ ಬಾಕಿ. ಆದರೆ ಪಿಟ್ಟಿನ ಮೇಲೆ, ಅಂದರೆ ಇಳಿದು ನಿಂತು ಗಾಡಿಯ ಅಡಿ ಕೆಲಸ ಮಾಡುವ ಗುಂಡಿಯ ಮೇಲೆ, ಲಾರಿ ನಿಂತಿತ್ತು.

ಕೆಲಸದ ಹುಡುಗ ಕೇಳಿದ, "ಅಕ್ಕಾ, ಪಿಟ್ಟು ಖಾಲಿ ಆಗ್ಲಿ, ಆಮೇಲೆ ಮಾಡ್ಲಾ?" ಹತ್ತೊಂಬತ್ತು ವರ್ಷ ಅವನಿಗೆ. ಹುಡುಗರಿಗೆ ಹಬ್ಬದ ಬೋನಸ್ ಕೊಡಬೇಕಿತ್ತು, ಗಲ್ಲಾದಲ್ಲಿ ದುಡ್ಡು ಸಾಲದು. ಜೀಪಿನವರು ಕೈಯಲ್ಲಿ ನೋಟು ಹಿಡಿದು ನಿಂತಿದ್ದರು. ನಾನು ಅಂದೆ, "ಕಾಯ್ಬೇಡ, ಜಾಕಿ ಹಾಕಿ ಮುಗಿಸಿಬಿಡು. ಅರ್ಧ ಗಂಟೆ ಕೆಲಸ."

ಅವನು ಎರಡನೇ ಮಾತು ಆಡಲಿಲ್ಲ. ಕೆಳಗೆ ಹೋದ. ನಾನೇ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಿಡಿದಿದ್ದೆ. ಒಲೆ ಮೇಲೆ ಹಾಲಿಟ್ಟಿದ್ದೆ. ಉಕ್ಕುವ ವಾಸನೆ ಬಂತು. ಟಾರ್ಚನ್ನು ಬಂಪರಿಗೆ ಸಿಕ್ಕಿಸಿ ಒಳಗೆ ಹೋದೆ. ಹಾಲು ಇಳಿಸಿದೆ, ಅಷ್ಟೇ. ಹೊರಗಡೆ ಗೋಣಿಚೀಲ ನೆಲಕ್ಕೆ ಹಾಕಿದ ಹಾಗೆ ಧೊಪ್ ಅಂತ ಶಬ್ದ. ಜೋರಾಗಿಯೂ ಇರಲಿಲ್ಲ.

ಅವನು ಕೂಗಲಿಲ್ಲ. ಇದನ್ನು ನೀನು ತಿಳಿದುಕೋ. ಎದೆ ಮೇಲೆ ಭಾರ ಬಿದ್ದರೆ ಉಸಿರು ಒಳಗೆ ಹೋಗುವುದಿಲ್ಲ. ಉಸಿರಿಲ್ಲದೆ ಕೂಗು ಬರುವುದಿಲ್ಲ. ನಿನ್ನ ಜೇಬಿನಲ್ಲಿ ಫೋನ್ ಇರುತ್ತದೆ, ಆದರೆ ಕೈ ಜೇಬಿಗೆ ಹೋಗುವುದಿಲ್ಲ. ಟಾರ್ಚು ಕೆಳಗೆ ಬಿದ್ದು ಅವನ ಚಪ್ಪಲಿ ಮೇಲೆ ಬೆಳಕು ಚೆಲ್ಲಿತ್ತು. ನಾನು ಮೊದಲು ನೋಡಿದ್ದು ಅದನ್ನ. ಚಪ್ಪಲಿ ಅಲ್ಲಾಡುತ್ತಿತ್ತು.

ಟೀ ಅಂಗಡಿಯಲ್ಲಿದ್ದ ಡ್ರೈವರುಗಳು ಓಡಿ ಬಂದು ಎತ್ತಿದರು. ಚಕ್ರ ಬಿಚ್ಚಿರಲಿಲ್ಲ, ಅದಕ್ಕೇ ಉಳಿದ. ಚಕ್ರ ನೆಲಕ್ಕೆ ತಾಗಿ ಜೀಪು ಒಂದು ಗೇಣಿನಷ್ಟು ಜಾಗ ಬಿಟ್ಟಿತ್ತು. ಆದರೆ ಆ ಒಂದು ಗೇಣಿನಲ್ಲಿ ಅವನ ಎದೆಯೂ ಇತ್ತು, ಪ್ಲೇಟೂ ಇತ್ತು. ಮೂರು ಪಕ್ಕೆಲುಬು, ಬಲಗಡೆ ಕಾಲರ್ ಬೋನ್ ಮುರಿದಿತ್ತು. ಬದುಕಿದ. ಆ ಕೈ ಮಾತ್ರ ಭುಜದಿಂದ ಮೇಲೆ ಏಳಲಿಲ್ಲ. ಗ್ಯಾರೇಜ್ ಕೆಲಸ ಅಲ್ಲಿಗೆ ಮುಗಿಯಿತು.

ಮಾವ ಬಂದವರೇ ಕೆಂಡವಾದರು. "ಪಿಟ್ಟು ಬಿಟ್ಟು ಜಾಕಿ ಮೇಲೆ ಯಾರೋ ಹಾಕು ಅಂದಿದ್ದು ನಿಂಗೆ?" ಅಂತ ಆಸ್ಪತ್ರೆ ಹಾಸಿಗೆ ಹತ್ತಿರವೇ ಅವನ ಮೇಲೆ ಕೂಗಾಡಿದರು. ಅವನು ನನ್ನ ಕಡೆ ನೋಡಿದ. ನಾನು ಕಾಫಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಿಂತೆ. "ತಪ್ಪಾಯ್ತು ಅಣ್ಣಾ" ಅಂತ ಅವನೇ ಅಂದ.

ಮಾವ ಹೋಗಿ ಆರು ವರ್ಷವಾಯಿತು. ಕೊನೆಯವರೆಗೂ ಅವರು ಅದನ್ನು ಆ ಹುಡುಗನ ತಪ್ಪು ಅಂತಲೇ ತಿಳಿದಿದ್ದರು. ಅವನು ಈಗ ಕ್ಯಾತ್ಸಂದ್ರದಲ್ಲಿ ದಿನಸಿ ಅಂಗಡಿ ಇಟ್ಟಿದ್ದಾನೆ. ನಾನು ಹೋದರೆ ಎದ್ದು ನಿಂತು ಸ್ಟೂಲ್ ಕೊಡುತ್ತಾನೆ, ತಟ್ಟೆ ಇಡ್ಲಿ ತರಿಸುತ್ತಾನೆ. ಮೇಲಿನ ಅರೆಯಿಂದ ಸಾಮಾನು ತೆಗೆಯೋಕೆ ಮಗನನ್ನು ಕರೆಯುತ್ತಾನೆ. ಅವನು ಆ ಮಾತು ಎತ್ತಿಲ್ಲ. ಎತ್ತಿದ್ದರೆ ನನಗೂ ಹೇಳೋಕೆ ಒಂದು ದಾರಿ ಸಿಗುತ್ತಿತ್ತೇನೋ.

ನೋಡು, ಎಲ್ಲಿಂದ ಎಲ್ಲಿಗೋ ಹೋದೆ. ನಿನ್ನ ಭಯದ ವಿಷಯಕ್ಕೇ ಬರುತ್ತೇನೆ. "ಪಿಟ್ಟು ಖಾಲಿ ಆಗ್ಲಿ" ಅಂದಾಗ ಆ ಹುಡುಗನಿಗೂ ಈ ಭಯವೇ ಇತ್ತು. ನಾನು ಅದನ್ನು ಬಾಯಿಮುಚ್ಚಿಸಿದೆ. ನಿನ್ನದನ್ನು ನೀನೇ ಬಾಯಿಮುಚ್ಚಿಸಬೇಡ.

ಏನು ಮಾಡಬೇಕು ಅಂತ ಹೇಳೋಕೆ ನಾನು ಮೆಕ್ಯಾನಿಕ್ ಅಲ್ಲ. ನೋಡಿದ್ದನ್ನು ಹೇಳುತ್ತೇನೆ, ಗೊತ್ತಿರುವವರನ್ನೂ ಕೇಳು. ಮನೆಯಲ್ಲೇ ಮಾಡಬೇಕು ಅಂತ ಹಟ ಇದ್ದರೆ ಅಂಗಳದಲ್ಲಿ ಬೇಡ, ಕಣದಲ್ಲಿ ಸಮ ಇರುವ ಗಟ್ಟಿ ಕಾಂಕ್ರೀಟ್ ನೆಲ ಇದೆಯಲ್ಲ, ಅಲ್ಲಿ ಮಾಡು. ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಎರಡು ಜಾಕ್ ಸ್ಟ್ಯಾಂಡ್ ಬೇಕು, ಚಾಸಿಯ ಕೆಳಗೆ ಎರಡೂ ಕಡೆ. ಜಾಕಿ ಎತ್ತೋಕೆ ಮಾತ್ರ, ಹೊರೋಕೆ ಅಲ್ಲ. ಹೈಡ್ರಾಲಿಕ್ ಜಾಕಿ ಆದರೂ ಅಷ್ಟೇ, ಒಳಗಿನ ರಬ್ಬರ್ ಸೀಲು ಹೋದರೆ ನಿಧಾನಕ್ಕೆ ಇಳಿದುಬಿಡುತ್ತದೆ. ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡು. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು ಮಾತ್ರ. ನಾಳೆ ಹಿಂದಿನ ಆಕ್ಸಲ್ ಹೌಸಿಂಗಿಗೆ ಗಾರ್ಡು ಹಾಕುತ್ತೇನೆ ಅಂತ ಹಿಂಭಾಗ ಎತ್ತಿದರೆ ಅದು ಗಾಳಿಯಲ್ಲಿರುವ ಚಕ್ರವನ್ನು ಹಿಡಿದುಕೊಂಡಿರುತ್ತದೆ, ಅಷ್ಟೇ. ಚಕ್ರ ಬಿಚ್ಚಬೇಡ. ಸ್ಟೆಪ್ನಿಯನ್ನೂ ಇಳಿಸಿ ಚಾಸಿಯ ಕೆಳಗೆ ತಳ್ಳಿಡು. ಮಲಗುವ ಮೊದಲು ಪಕ್ಕದಿಂದ ಗಾಡಿಯನ್ನು ಭುಜ ಕೊಟ್ಟು ತಳ್ಳಿ ನೋಡು. ಬೀಳುವುದಿದ್ದರೆ ನೀನು ಹೊರಗಿರುವಾಗಲೇ ಬೀಳಲಿ.

ಗಾಡಿಯ ಭಾರ ಎಷ್ಟು ಅಂತ ತಿಳಿಸೋಕೆ, ಮಾವ ಇದ್ದಿದ್ದರೆ ಮಾರುತಿ ಜಿಪ್ಸಿ ಜೊತೆ ಹೋಲಿಸುತ್ತಿದ್ದರು. ಜಿಪ್ಸಿ ಒಂದು ಟನ್ ಹತ್ತಿರ. ನಿನ್ನ ಥಾರ್ ಅದಕ್ಕಿಂತ ಮುಕ್ಕಾಲು ಟನ್ ಜಾಸ್ತಿ.

ಇನ್ನು ಪ್ಲೇಟು. ದಯವಿಟ್ಟು ಎದೆ ಮೇಲೆ ಬೇಡ. ಚಕ್ರವಿರುವ ಟ್ರಾಲಿ ಜಾಕಿ ಮೇಲೆ ಮರದ ಹಲಗೆ ಇಟ್ಟು ಪ್ಲೇಟನ್ನು ಅದರಿಂದ ಮೇಲೆತ್ತು. ಎಲ್ಲಾ ಬೋಲ್ಟನ್ನೂ ಮೊದಲು ಕೈಯಲ್ಲೇ ನಾಲ್ಕು ಸುತ್ತು ಕೂರಿಸಿ, ಆಮೇಲೆ ಒಂದೊಂದೇ ಬಿಗಿ ಮಾಡು. ಮೊದಲನೆಯದನ್ನೇ ಪೂರ್ತಿ ಬಿಗಿ ಮಾಡಿದರೆ ಕೊನೆಯದಕ್ಕೆ ತೂತು ಕೂಡುವುದಿಲ್ಲ, ಆಗ ಜಗ್ಗಾಡಬೇಕಾಗುತ್ತದೆ. ನಿನ್ನ ಎಡಗಡೆ ಕೊನೇ ಬೋಲ್ಟಿಗೆ ಅದೇ ಆಗಿರಬೇಕು. ಬೋಲ್ಟಿನ ತಲೆ ಮೇಲೆ 8.8 ಅಂತ, ಅದರ ಗಟ್ಟಿತನದ ಗುರುತು, ಇರಬೇಕು. ಆಯಿಲ್ ಬದಲಾಯಿಸುವ ನಟ್ಟಿನ ಕೆಳಗೆ ತೂತು ಬಿಡಿಸಿದ್ದೀಯಾ? ಬಿಡಿಸಿಲ್ಲ ಅಂದರೆ ಪ್ರತಿ ಸರ್ವಿಸಿಗೂ ಪ್ಲೇಟು ಬಿಚ್ಚಬೇಕು, ಅಂದರೆ ಪ್ರತಿ ಸಲ ಕೆಳಗೆ ಹೋಗಬೇಕು. ಬಾಕಿ ಪ್ಲೇಟುಗಳನ್ನಾದರೂ 6 ಮಿಲಿಮೀಟರ್ ಅಲ್ಯೂಮಿನಿಯಂನಲ್ಲಿ ಮಾಡಿಸಿದರೆ ಅದೇ ಅಳತೆಗೆ ಒಂಬತ್ತು ಕೆಜಿ ಬರುತ್ತದೆ. ದುಡ್ಡು ಜಾಸ್ತಿ ಆಗುತ್ತದೆ, ಗೊತ್ತು.

ಗಾಡಿಯ ಮುಂಭಾಗಕ್ಕೆ ದೊಡ್ಡ ಕಬ್ಬಿಣದ ಬಂಪರ್ ಗಾರ್ಡಿನ ಆಸೆ ಬಿಟ್ಟುಬಿಡು. 2017ರ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ಅದು ಕಾನೂನಿಗೆ ವಿರುದ್ಧ ಅಂತ ರಾಜ್ಯಗಳಿಗೆ ಬರೆದಿದೆ. ಪೊಲೀಸರ ಮಾತು ಹಾಗಿರಲಿ, ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳದೇ ಹೋಗಬಹುದು.

ಶೆಡ್ಡಿಗೆ ಯಾಕೆ ಹೋಗಿದ್ದೆ ಅಂದರೆ, ಮಾವ ತಾವೇ ವೆಲ್ಡ್ ಮಾಡಿದ್ದ ಎರಡು ಸ್ಟ್ಯಾಂಡ್ ಅಲ್ಲಿವೆ. ಆ ಅಪಘಾತವಾದ ತಿಂಗಳೇ ಮಾಡಿದ್ದು. ಗೋಣಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿ ನಿನಗೆ ಕಳಿಸೋಣ ಅಂತಿದ್ದೆ. ಬೆಳಿಗ್ಗೆ ಬಿಸಿಲಿಗೆ ತಂದು ಸೆರಗಲ್ಲಿ ಒರೆಸಿ ನೋಡಿದೆ. ಒಂದರಲ್ಲಿ ಪಿನ್ ಹಾಕುವ ತೂತಿನಿಂದ ವೆಲ್ಡಿಂಗಿನವರೆಗೆ ಕೂದಲೆಳೆಯಷ್ಟು ಬಿರುಕು. ಉಗುರಲ್ಲಿ ಕೆರೆದರೆ ತುಕ್ಕು ಎದ್ದು ಬಂತು. ಅವರ ಕೈಯ ಕೆಲಸ ಅಂತ ಮನಸ್ಸು ಒಪ್ಪುತ್ತಿರಲಿಲ್ಲ. ಆದರೂ ಕಳಿಸುವುದಿಲ್ಲ. ಅಂಗಡಿಯಲ್ಲಿ ಮೂರು ಟನ್ ಅಂತ ಬರೆದಿರುವ ಹೊಸ ಜೋಡಿ ತಗೋ. ದುಡ್ಡು ನಾನು ಕೊಡುತ್ತೇನೆ. ಬೇಡ ಅನ್ನಬೇಡ.

ನಾಳೆ ಕ್ಯಾತ್ಸಂದ್ರಕ್ಕೆ ಹೋಗಿ ಬರೋಣ ಅಂತಿದ್ದೇನೆ. ಇಷ್ಟು ಬರೆದ ಮೇಲೆ ಅವನಿಗೂ ಹೇಳದೆ ಇರೋಕೆ ಆಗುವುದಿಲ್ಲ.

ಶನಿವಾರ ಬೆಳಿಗ್ಗೆ ದೊಡ್ಡಬಳ್ಳಾಪುರದ ಮೇಲೆ ಬರುವ ಬಸ್ಸು ಹಿಡಿಯುತ್ತೇನೆ. ಭಾನುವಾರ ನೀನು ಕೆಲಸ ಮಾಡು, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಟಾರ್ಚ್ ನಾನು ಹಿಡಿಯುತ್ತೇನೆ. ಒಲೆ ಮೇಲೆ ಏನೂ ಇಡುವುದು ಬೇಡ ಅಂತ ನಿನ್ನ ಅಮ್ಮನಿಗೆ ಈಗಲೇ ಹೇಳಿಡು. ನಾನು ಬರುವವರೆಗೆ ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಿರಲಿ.

ನಿನ್ನ
ಅತ್ತೆ