ಕೊನೆಯಿರುವ ಆಟಗಳನ್ನೂ ಪರಿಚಯಿಸಿ

ಮಾನ್ಯ ಸಂಪಾದಕರೇ,

ಇತ್ತೀಚೆಗೆ ತಮ್ಮ ಪತ್ರಿಕೆಯಲ್ಲಿ ‘ಗೇಮ್’ ಎಂಬ ಪದ ಕಂಡಾಗಲೆಲ್ಲ ಅದರ ಬೆನ್ನಿಗೇ ಸಾಲ, ಜೂಜು, ಚಟ ಎಂಬ ಪದಗಳೂ ಕಾಣಿಸುತ್ತವೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆ 2025ರ ಆಗಸ್ಟ್ ತಿಂಗಳಿನಲ್ಲಿ ಸಂಸತ್ತಿನ ಅಂಗೀಕಾರ ಪಡೆದ ಮೇಲಂತೂ ಇಂಥ ಬರಹಗಳು ಹೆಚ್ಚಾಗಿವೆ. ಅವು ಬೇಕು, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಏನನ್ನು ಆಡಬಾರದು ಎಂದು ಇಷ್ಟು ಕಾಳಜಿಯಿಂದ ಹೇಳುವ ಪತ್ರಿಕೆ ಏನನ್ನು ಆಡಬಹುದು ಎಂಬುದನ್ನು ಹೇಳದಿರುವುದರಿಂದ, ಮಕ್ಕಳ ಕೈಯಲ್ಲಿರುವುದೆಲ್ಲ ಒಂದೇ ಎಂಬ ತೀರ್ಮಾನಕ್ಕೆ ನನ್ನಂಥ ಎಷ್ಟೋ ಪೋಷಕರು ಬಂದುಬಿಟ್ಟಿದ್ದಾರೆ. ಎರಡು ವರ್ಷಗಳ ಹಿಂದೆ ನಾನೂ ಅದೇ ತೀರ್ಮಾನದಲ್ಲಿದ್ದೆ.

ನಾನು ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ನನ್ನ ಮಗ ಎಂಟನೆಯ ತರಗತಿಯಲ್ಲಿದ್ದಾಗ ಮೊಬೈಲಿನ ಒಂದು ಆಟಕ್ಕೆ ನನ್ನ ಖಾತೆಯಿಂದ ಸ್ವಲ್ಪ ಸ್ವಲ್ಪವಾಗಿ 1,840 ರೂಪಾಯಿ ಹೋಗಿತ್ತು. ಅದು ಜೂಜಿನ ಆಟವಲ್ಲ. ಒಳಗೇನಿದೆ ಎಂದು ತಿಳಿಯದ ಪೆಟ್ಟಿಗೆಗಳನ್ನು ಹಣ ಕೊಟ್ಟು ತೆರೆಯಬೇಕಾದ, ದಿನವೂ ಬಂದು ಹಾಜರಿ ಹಾಕದಿದ್ದರೆ ಹಿಂದೆ ಬೀಳುವ ಆಟ. ನಾನು ಗದರಿಸಿದಾಗ ಅವನು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ: “ಅಮ್ಮಾ, ಅದು ಮುಗಿಯೋದೇ ಇಲ್ಲ.” ಮೈಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನ ತಮ್ಮ ಇದನ್ನು ಕೇಳಿ, ಯಾರೋ ಬೇಡವೆಂದು ಬಿಟ್ಟುಹೋಗಿದ್ದ ಒಂದು ಹಳೆಯ ಲ್ಯಾಪ್‌ಟಾಪ್ ಸರಿಪಡಿಸಿ, ಅದರಲ್ಲಿ ನಾಲ್ಕಾರು ಆಟಗಳನ್ನು ಹಾಕಿಕೊಟ್ಟ. “ಇವು ಮುಗಿಯುತ್ತವೆ ಅಕ್ಕಾ, ಕಥೆಯ ಹಾಗೆ” ಎಂದ. ಆ ಆಟಗಳ ಬಗ್ಗೆ ಹೇಳುವುದಕ್ಕಾಗಿಯೇ ಈ ಪತ್ರ.

ಅವು ರೋಲ್ ಪ್ಲೇಯಿಂಗ್ ಗೇಮ್, ಹುಡುಗರ ಮಾತಿನಲ್ಲಿ ಆರ್‌ಪಿಜಿ, ಎಂಬ ಜಾತಿಗೆ ಸೇರಿದವು. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಕಾಗದ ಮತ್ತು ದಾಳಗಳ ಆಟ ಇವುಗಳ ಮೂಲ. ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು ಒಟ್ಟಾಗಿ ಕಥೆ ನಡೆಸುವುದು ಅದರ ರೀತಿ. ದಾಳ ಹೇಳಿದ್ದಕ್ಕೆ ತಲೆಬಾಗುತ್ತಲೇ ಯಾವ ಕಾಯಿ ನಡೆಸಬೇಕೆಂದು ಲೆಕ್ಕ ಹಾಕುವುದು ಚೌಕಾಬಾರ, ಪಗಡೆ ಆಡಿದ ನಮಗೆ ಹೊಸದಲ್ಲ. 1981ರಲ್ಲಿ ‘ವಿಝಾರ್ಡ್ರಿ’ ಮತ್ತು ‘ಅಲ್ಟಿಮಾ’ ಅದನ್ನು ಮನೆಯ ಕಂಪ್ಯೂಟರಿನಲ್ಲಿ ಜನಪ್ರಿಯಗೊಳಿಸಿದವು. 1986ರಲ್ಲಿ ಜಪಾನಿನ ‘ಡ್ರ್ಯಾಗನ್ ಕ್ವೆಸ್ಟ್’ ಟಿವಿಗೆ ಜೋಡಿಸುವ ಯಂತ್ರದ ಮೂಲಕ ಮನೆಮನೆಗೆ ಒಯ್ದಿತು. ನಾನು ಹೇಳಹೊರಟಿರುವುದು ಆ ಹಳೆಯ ಆಟಗಳನ್ನಲ್ಲ. ಅದೇ ಧಾಟಿಯಲ್ಲಿ, ಬಿಡಿ ಚುಕ್ಕೆಗಳ ಚಿತ್ರ, ಸರದಿಯ ಪ್ರಕಾರ ನಡೆಯುವ ಕಾಳಗ, ಓದಿ ತಿಳಿಯಬೇಕಾದ ಸಂಭಾಷಣೆ, ಮನೆಯಿಂದ ಮನೆಗೆ ಇಡುವ ಹೆಜ್ಜೆ, ಇಂಥವುಗಳಲ್ಲಿ ಕೆಲವನ್ನು ಇಟ್ಟುಕೊಂಡು ಈಚಿನ ವರ್ಷಗಳಲ್ಲಿ ಒಬ್ಬರೋ ಇಬ್ಬರೋ ನಾಲ್ವರೋ ಸೇರಿ ಕಟ್ಟಿದ ಚಿಕ್ಕ ಆಟಗಳನ್ನು. ಕಟ್ಟಲು ಖರ್ಚು ಕಡಿಮೆಯಾದ್ದರಿಂದ ಬೆಲೆ ಕಡಿಮೆ. ಜಾಹೀರಾತಿಗೆ ದುಡ್ಡಿಲ್ಲದ ಕಾರಣ ಹೆಸರೂ ಕಡಿಮೆ.

ಮೊದಲನೆಯದು ‘ಲೆಜೆಂಡ್ ಆಫ್ ಗ್ರಿಮ್‌ರಾಕ್’. ಫಿನ್ಲೆಂಡಿನ ಪುಟ್ಟ ತಂಡವೊಂದು 2012ರಲ್ಲಿ ಹೊರತಂದದ್ದು. ನಾಲ್ವರು ಕೈದಿಗಳನ್ನು ಒಂದು ಬೆಟ್ಟದ ನೆತ್ತಿಯಿಂದ ಒಳಕ್ಕೆ ತಳ್ಳುತ್ತಾರೆ. ಬೆಟ್ಟದ ಹೊಟ್ಟೆಯೊಳಗಿನ ಅಂತಸ್ತುಗಳನ್ನು ಒಂದೊಂದಾಗಿ ಇಳಿದು ಬುಡದ ಬಾಗಿಲು ಮುಟ್ಟಿದರೆ ಅವರಿಗೆ ಬಿಡುಗಡೆ. ಇಲ್ಲಿನ ನಡಿಗೆಯೆಲ್ಲ ಚದುರಂಗದ ಹಾಸಿನಂತೆ ಮನೆಯಿಂದ ಮನೆಗೆ. ಕೈಯ ಪಂಜು ಆರುತ್ತದೆ, ಹಸಿವಾಗುತ್ತದೆ, ಒಂದು ಕಲ್ಲನ್ನು ತಂದು ನೆಲದ ಹಲಗೆಯ ಮೇಲಿಟ್ಟರೆ ಮಾತ್ರ ಕಂಬಿಯ ಬಾಗಿಲು ತೆರೆದೇ ಉಳಿಯುತ್ತದೆ. ಆಟ ತಾನೇ ನಕ್ಷೆ ಬರೆದುಕೊಡುತ್ತದಾದರೂ, ಶುರುವಿನಲ್ಲೇ ‘ಹಳೆಯ ಪದ್ಧತಿ’ ಆಯ್ದುಕೊಂಡರೆ ಆ ನಕ್ಷೆ ಸಿಗುವುದಿಲ್ಲ, ನಾವೇ ಬರೆದುಕೊಳ್ಳಬೇಕು. ನನ್ನ ತಮ್ಮ ಹಟದಿಂದ ಅದನ್ನೇ ಆಯ್ದು, ಮಗನ ಕೈಗೆ ಒಂದು ಗ್ರಾಫ್ ಪುಸ್ತಕ ಮತ್ತು ಪೆನ್ಸಿಲ್ ಕೊಟ್ಟು ಮೈಸೂರಿಗೆ ಹೊರಟುಹೋದ.

ಮೂರನೆಯ ದಿನ ಸಂಜೆ ಮಗ ಆ ಪುಸ್ತಕವನ್ನು ಅಡುಗೆಮನೆಗೇ ಹಿಡಿದು ತಂದ. ಎರಡು ಓಣಿಗಳನ್ನು ಬರೆದಿದ್ದ. ನಡುವೆ ನಾಲ್ಕು ಮನೆಯಷ್ಟು ಜಾಗ ಖಾಲಿ ಉಳಿದಿತ್ತು. “ಸುತ್ತ ಎಲ್ಲಾ ಕಡೆ ಗೋಡೆ ಇದೆ, ಒಳಗೆ ಏನೋ ಇರಲೇಬೇಕು” ಎಂದ. ಇಬ್ಬರೂ ಹೋಗಿ ಕುಳಿತು, ಆ ಓಣಿಯ ಗೋಡೆಯನ್ನು ಕಲ್ಲುಕಲ್ಲಾಗಿ ನೋಡುತ್ತ ಬಂದೆವು. ಒಂದು ಕಲ್ಲಿನ ಮೇಲೆ ಕಡಲೆಕಾಳಿನಷ್ಟು ಉಬ್ಬಿದ ಗುಂಡಿ ಇತ್ತು. ಒತ್ತಿದಾಗ ಗೋಡೆ ಸರಿಯಿತು. ಮಗ ಕೂಗಿಕೊಂಡ, ನಾನೂ ಕೂಗಿದೆ. ಒಲೆಯ ಮೇಲಿನ ಸಾರು ಉಕ್ಕಿದ್ದು ಆಮೇಲೆ ತಿಳಿಯಿತು. ಖಾಲಿ ಜಾಗವನ್ನು ನೋಡಿ ಅಲ್ಲಿ ಏನಿರಬೇಕೆಂದು ಊಹಿಸುವುದನ್ನು ಯಾವ ಟ್ಯೂಷನ್ನೂ ಅವನಿಗೆ ಕಲಿಸಿರಲಿಲ್ಲ.

ಎರಡನೆಯದನ್ನು ನಮ್ಮ ಮನೆಯಲ್ಲಿ ಅತಿಯಾಗಿ ಮೆಚ್ಚಿದವರು ನನ್ನ ತಂದೆ. ಅವರು ಮದ್ದೂರಿನಲ್ಲಿ ಬಹಳ ವರ್ಷ ದಿನಸಿ ಅಂಗಡಿ ನಡೆಸಿದವರು. ‘ರೆಸೆಟಿಯರ್’ ಎಂಬ ಜಪಾನಿನ ಈ ಆಟ 2007ರದು. 2010ರಲ್ಲಿ ಇಂಗ್ಲಿಷಿಗೆ ಬಂತು. ಉಳಿದ ಆಟಗಳಲ್ಲೆಲ್ಲ ನಾಯಕ ಕತ್ತಿ ಕೊಳ್ಳಲು ಒಂದು ಅಂಗಡಿಗೆ ಹೋಗುತ್ತಾನಲ್ಲ, ಇಲ್ಲಿ ಆ ಅಂಗಡಿಯೇ ನಮ್ಮದು. ಅಪ್ಪ ಸಾಲ ಮಾಡಿ ಸಾಹಸಕ್ಕೆಂದು ಹೊರಟುಹೋಗಿರುತ್ತಾನೆ. ಸಾಲ ವಸೂಲಿಗೆ ಬಂದ ಪುಟ್ಟ ಯಕ್ಷಿಣಿಯೊಬ್ಬಳು ಮಗಳಿಗೆ ಮನೆಯನ್ನೇ ಅಂಗಡಿ ಮಾಡೆಂದು ಹೇಳಿಕೊಡುತ್ತಾಳೆ. ವಾರವಾರ ಕಂತು ಕಟ್ಟಬೇಕು, ಕಂತು ಏರುತ್ತ ಹೋಗುತ್ತದೆ, ತಪ್ಪಿದರೆ ಮನೆ ಹೋಯಿತು. ಅಗ್ಗಕ್ಕೆ ಕೊಂಡು, ಗಿರಾಕಿಯೊಡನೆ ಚೌಕಾಸಿ ಮಾಡಿ, ಊರಲ್ಲಿ ಯಾವುದರ ಬೆಲೆ ಏರಿದೆ ಯಾವುದರದು ಇಳಿದಿದೆ ಎಂದು ಗಮನಿಸಿ ಮಾರಬೇಕು. ಮಗ ಮೊದಮೊದಲು ಬಂದವರಿಗೆಲ್ಲ ದುಪ್ಪಟ್ಟು ಬೆಲೆ ಹೇಳಿ ಬರಿಗೈಯಲ್ಲಿ ಕಳಿಸುತ್ತಿದ್ದ. ಇಂಗ್ಲಿಷ್ ಓದಲು ಬಾರದ ನನ್ನ ತಂದೆ ಪಕ್ಕದಲ್ಲಿ ಕುಳಿತು ಎರಡು ದಿನ ನೋಡಿ, “ಮೊದಲ ಸಲ ಬಂದೋನ ಹತ್ರ ಲಾಭ ನೋಡಬ್ಯಾಡ ಕಣ್ಲಾ, ಅವನು ತಿರುಗಿ ಬರೋ ಹಂಗೆ ಮಾಡು” ಎಂದರು. ಆ ಆಟದ ಲೆಕ್ಕಾಚಾರ ನಿಜಕ್ಕೂ ಹಾಗೆಯೇ ಇದೆ: ನ್ಯಾಯವಾದ ಬೆಲೆಗೆ ಕೊಟ್ಟ ಗಿರಾಕಿ ಮುಂದಿನ ಸಲ ದೊಡ್ಡ ವ್ಯಾಪಾರಕ್ಕೆ ಬರುತ್ತಾನೆ. ತೀರಾ ಹಳೆಯ ಕಂಪ್ಯೂಟರಿನಲ್ಲೂ ಓಡುವ ಈ ಆಟವನ್ನು ತಾತ ಮೊಮ್ಮಗ ಸೇರಿ ಆಡಿ, ಕೊನೆಯ ಕಂತು ಕಟ್ಟಿದ ದಿನ ನಮ್ಮ ಮನೆಯಲ್ಲಿ ಪಾಯಸವಾಯಿತು.

ಮಕ್ಕಳು ಓದುವುದಿಲ್ಲ ಎಂಬ ದೂರು ಶಾಲೆಯಲ್ಲಿ ನಾನು ದಿನವೂ ಕೇಳುವಂಥದ್ದು. ಅಂಥವರಿಗೆ ‘ಅವರ್ನಮ್’ ತೋರಿಸಬೇಕೆನ್ನಿಸುತ್ತದೆ. ಅಮೆರಿಕದ ಜೆಫ್ ವೋಗಲ್ ಎಂಬವರು 1995ರಲ್ಲಿ ‘ಎಕ್ಸೈಲ್’ ಎಂಬ ಹೆಸರಿನಲ್ಲಿ ಮಾಡಿದ ಆಟವನ್ನು 2000ದಲ್ಲಿ ‘ಅವರ್ನಮ್’ ಎಂದು ಹೊಸದಾಗಿ ಕಟ್ಟಿ, 2011ರಲ್ಲಿ ಮತ್ತೊಮ್ಮೆ ಕಟ್ಟಿದರು. ಸಾಮ್ರಾಜ್ಯಕ್ಕೆ ಬೇಡವಾದವರನ್ನೆಲ್ಲ ನೆಲದಡಿಯ ಗವಿಗಳಿಗೆ ನೂಕಿರುತ್ತಾರೆ. ಆ ನೂಕಲ್ಪಟ್ಟವರು ಕತ್ತಲೆಯಲ್ಲೇ ಊರು, ಹೊಲ, ಆಡಳಿತ ಕಟ್ಟಿಕೊಂಡು ಬದುಕುವುದೇ ಕಥೆ. ಚಿತ್ರಗಳು ತೀರಾ ಸಾಧಾರಣ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಪುಟಗಟ್ಟಲೆ ಓದದೆ ಇಲ್ಲಿ ಮುಂದೆ ಹೋಗಲಾಗದು, ಓದಲು ಬೇಸರವೂ ಆಗದು. ಇದೇ ಬಗೆಯ ಇನ್ನೊಂದು ‘ಮೂನ್‌ರಿಂಗ್’. ‘ಫೇಬಲ್’ ಎಂಬ ಪ್ರಸಿದ್ಧ ಆಟವನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಡೀನ್ ಕಾರ್ಟರ್ 2023ರಲ್ಲಿ ಇದನ್ನು ಸ್ಟೀಮ್ ಎಂಬ ಆನ್‌ಲೈನ್ ಆಟದ ಮಳಿಗೆಯಲ್ಲಿ ಉಚಿತವಾಗಿ ಬಿಟ್ಟರು. ಇಲ್ಲಿ ಊರಿನ ಜನರ ಮಾತಿನಲ್ಲಿ ಬಂದ ಮುಖ್ಯ ಪದವನ್ನು ಹಿಡಿದು, ಅದನ್ನೇ ಟೈಪ್ ಮಾಡಿ ಮುಂದಿನ ಪ್ರಶ್ನೆ ಕೇಳಬೇಕು. ಮಗ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಕೂರುವುದನ್ನು ನಾನು ಮೊದಲು ಕಂಡದ್ದು ಈ ಆಟದಲ್ಲಿ.

‘ಕ್ತುಲ್ಹು ಸೇವ್ಸ್ ದ ವರ್ಲ್ಡ್’ 2010ರಲ್ಲಿ ಇಬ್ಬರು ಗೆಳೆಯರು ಮಾಡಿದ ನಗೆಯಾಟ. ಹಳೆಯ ಆರ್‌ಪಿಜಿಗಳಲ್ಲಿ ಹೆಜ್ಜೆಗೊಂದು ಕಾಳಗ ಎದುರಾಗಿ ತಲೆ ಚಿಟ್ಟು ಹಿಡಿಯುತ್ತಿತ್ತಲ್ಲ, ಇಲ್ಲಿ ಒಂದೊಂದು ಜಾಗಕ್ಕೆ ಇಷ್ಟೇ ಕಾಳಗ ಎಂದು ಮಿತಿ ಹಾಕಿದ್ದಾರೆ. ಅಷ್ಟು ಮುಗಿದ ಮೇಲೆ ನೆಮ್ಮದಿಯಾಗಿ ಸುತ್ತಬಹುದು. ನಾರ್ವೆಯಿಂದ 2024ರಲ್ಲಿ ಬಂದ ‘ಸ್ಕಾಲ್ಡ್’ ತುಂಬ ಚೆನ್ನಾಗಿದೆ, ಆದರೆ ಭೀಕರವಾಗಿದೆ. ದೊಡ್ಡವರು ಆಡಲಿ, ಚಿಕ್ಕ ಮಕ್ಕಳಿಗೆ ಬೇಡ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರೇ ನಮ್ಮ ಕಡೆ ಹೆಚ್ಚು ಎಂಬುದನ್ನು ಬಲ್ಲೆ. ಅವರಿಗೆ ‘ಶ್ಯಾಟರ್ಡ್ ಪಿಕ್ಸೆಲ್ ಡಂಜನ್’ ಇದೆ. ಆಂಡ್ರಾಯ್ಡ್ ಫೋನಿನಲ್ಲಿ ಉಚಿತ, ಜಾಹೀರಾತಿಲ್ಲ, ಆಡಲು ನೆಟ್‌ವರ್ಕ್ ಬೇಡ. ರಷ್ಯಾದ ಒಬ್ಬರು 2012ರಲ್ಲಿ ಮಾಡಿ ಎಲ್ಲರಿಗೂ ತೆರೆದಿಟ್ಟ ಮೂಲವನ್ನು ಹಿಡಿದು, ಕೆನಡಾದ ಇನ್ನೊಬ್ಬರು 2014ರಿಂದ ಬೆಳೆಸುತ್ತ ಬಂದಿದ್ದಾರೆ. ಸಿಕ್ಕ ಮದ್ದಿನ ಬಣ್ಣ ಕಾಣುತ್ತದೆ, ಗುಣ ಕಾಣುವುದಿಲ್ಲ: ಕುಡಿದರೆ ಗಾಯ ವಾಸಿಯಾಗಲೂಬಹುದು, ಮೈಗೆ ಬೆಂಕಿ ಹತ್ತಲೂಬಹುದು. ಒಮ್ಮೆ ಸತ್ತರೆ ಮೊದಲಿನಿಂದ ಶುರು, ನೆಲಮಾಳಿಗೆಯ ವಿನ್ಯಾಸವೂ ಬೇರೆ. ಮಂಡ್ಯದಲ್ಲಿ ರೈಲು ಹತ್ತಿ ಮೈಸೂರಿಗೆ ಓದಲು ಹೋಗುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಪಾಂಡವಪುರ ದಾಟುವಷ್ಟರಲ್ಲಿ ಸಾಯುವವನು ಈಗ ಶ್ರೀರಂಗಪಟ್ಟಣದವರೆಗೂ ಉಳಿಯುತ್ತೇನೆ ಮೇಡಂ ಎಂದು ಹೆಮ್ಮೆಯಿಂದ ಹೇಳಿದ.

ಕನ್ನಡದವಳಾಗಿ ಒಂದು ಕೊರಗನ್ನು ಇಲ್ಲಿ ಹೇಳದಿರಲಾರೆ. ಇವನ್ನೆಲ್ಲ ನಾವು ಆಡಿದ್ದು ಇಂಗ್ಲಿಷಿನಲ್ಲಿ. ಹಳೆಯ ಯಂತ್ರಗಳಲ್ಲಿ ಒಂದು ಅಕ್ಷರಕ್ಕೆ ಅಡ್ಡ ಎಂಟು, ಉದ್ದ ಎಂಟು ಚುಕ್ಕೆಗಳ ಮನೆ. ಇಂಗ್ಲಿಷಿನ ಅಕ್ಷರ ಅದರಲ್ಲಿ ಹಿಡಿಸುತ್ತದೆ. ‘ಸ್ತ್ರೀ’ ಎಂದು ಬರೆಯಲು ಹೋದರೆ ಒತ್ತಿಗೆ ಜಾಗವೇ ಇಲ್ಲ. ಜಪಾನಿನವರೂ ‘ಡ್ರ್ಯಾಗನ್ ಕ್ವೆಸ್ಟ್’ ಮಾಡುವಾಗ ಜಾಗ ಸಾಲದೆ ಕತಕಾನ ಲಿಪಿಯ ಕೆಲವೇ ಅಕ್ಷರಗಳನ್ನು ಇಟ್ಟುಕೊಂಡು ಹೊಂದಿಸಿದ್ದರು. ಆ ಇಡೀ ಆಟ 64 ಕಿಲೋಬೈಟಿನದು. ಇಂದಿನ ತೆರೆಯಲ್ಲಿ ಅಂಥ ಇಕ್ಕಟ್ಟಿಲ್ಲ. ಅಕ್ಷರಗಳನ್ನು ಬಿಡಿಬಿಡಿಯಾಗಿ ಇಡುವ ಹಳೆಯ ಕ್ರಮ ಬಿಟ್ಟು, ಪದವನ್ನು ಇಡಿಯಾಗಿ ಬರೆಯುವ ಕ್ರಮ ಬಳಸಿದರೆ ಒತ್ತಕ್ಷರ ಒಡೆಯುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ ಗ್ರಂಥದ ‘ಕೌತುಕನಿಧಿ’ ಎಂಬ ಭಾಗದಲ್ಲಿ ಆಟಗಳಿಗೂ ಜಾಗ ಕೊಟ್ಟ ಮೈಸೂರು ಸೀಮೆಯಲ್ಲಿ, ಕಾಲೇಜಿನ ನಾಲ್ಕು ಹುಡುಗ ಹುಡುಗಿಯರು ಕುಳಿತರೆ ಕನ್ನಡದ ಒಂದು ಪುಟ್ಟ ಆರ್‌ಪಿಜಿ ಆಗದ ಮಾತಲ್ಲ ಎಂದು ನಾನು ನಂಬಿದ್ದೇನೆ.

ಕೊಳ್ಳಬಯಸುವವರಿಗೆ ಒಂದೆರಡು ಮಾತು. ಸ್ಟೀಮ್ ಮಳಿಗೆಯಲ್ಲಿ ಬೆಲೆ ರೂಪಾಯಿಯಲ್ಲೇ ಇರುತ್ತದೆ, ರಿಯಾಯಿತಿಯ ದಿನಗಳಿಗೆ ಕಾದರೆ ಸಾಕಷ್ಟು ಇಳಿಯುತ್ತದೆ. ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ, ಹಣ ವಾಪಸ್ ಕೇಳಬಹುದು. ಹಳೆಯ ಕಂಪ್ಯೂಟರಿನಲ್ಲಿ ಓಡುವುದೋ ಇಲ್ಲವೋ ಎಂದು ನೋಡಲು ಅಷ್ಟು ಸಾಕು. ಖಾತೆ ಮತ್ತು ಅದರ ಪಾಸ್‌ವರ್ಡ್ ಪೋಷಕರ ಬಳಿಯೇ ಇರಲಿ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಪುಸ್ತಕ ಪರಿಚಯಕ್ಕೂ ಸಿನಿಮಾ ವಿಮರ್ಶೆಗೂ ಜಾಗ ಕೊಡುವಂತೆ, ತಿಂಗಳಿಗೊಮ್ಮೆಯಾದರೂ ಇಂಥ ಒಂದು ಆಟದ ಪರಿಚಯಕ್ಕೆ, ಬೆಲೆ, ತಕ್ಕ ವಯಸ್ಸು, ಬೇಕಾದ ಕಂಪ್ಯೂಟರ್ ಎಂಥದ್ದು ಎಂಬ ವಿವರಗಳೊಡನೆ, ಅರ್ಧ ಕಾಲಂ ಜಾಗ ಕೊಡಿ. ಬರೆಯುವವರು ಸಿಗದಿದ್ದರೆ ಮೊದಲನೆಯದನ್ನು ನಾನೇ ಬರೆದುಕೊಡುತ್ತೇನೆ. ಚಿತ್ರಕ್ಕೆಂದು ಮಗನ ಗ್ರಾಫ್ ಪುಸ್ತಕದ ಆ ಪುಟವನ್ನೂ ಕಳಿಸುತ್ತೇನೆ. ನಾಲ್ಕು ಖಾಲಿ ಮನೆಗಳ ಸುತ್ತ ಅವನು ಕೆಂಪು ಪೆನ್ನಿನಲ್ಲಿ ಎಳೆದ ಗೆರೆ ಇನ್ನೂ ಹಾಗೆಯೇ ಇದೆ.

ಇತಿ ತಮ್ಮ ವಿಶ್ವಾಸಿ,
ಕನ್ನಡ ಶಿಕ್ಷಕಿ, ಮಂಡ್ಯ